ನೋಡದ ಸಮುದ್ರಕ್ಕೆ ಹಾಕಿದ ದಾರಿ

ಸುಳ್ಳು ಹೇಳಿದ್ದು ನಾನೇ. ಯಾರೂ ಬಲವಂತ ಮಾಡಿರಲಿಲ್ಲ.

ಮಧುಗಿರಿಯ ಆ ಹೈಸ್ಕೂಲಿಗೆ ಸೈನ್ಸ್ ಟೀಚರ್ ಆಗಿ ಸೇರಿ ನಾಲ್ಕೇ ದಿನವಾಗಿತ್ತು. ಸ್ಟಾಫ್ ರೂಮಿನಲ್ಲಿ ದಸರಾ ರಜೆಯ ಟ್ರಿಪ್ಪಿನ ಮಾತು ನಡೆದಿತ್ತು. ಬೆಟ್ಟದ ಮೇಲಿನ ಊರುಗಳು, ಘಾಟಿ, ಆಮೇಲೆ ಕರಾವಳಿ. ಯಾರೋ ನನ್ನ ಕಡೆ ತಿರುಗಿ, "ಪಾವಗಡದೋರಿಗೆ ಸಮುದ್ರ ತೋರಿಸಿದ್ರೆ ಬಿಂದಿಗೆ ಹಿಡ್ಕೊಂಡು ಕ್ಯೂ ನಿಲ್ತಾರೆ ಕಣ್ರೀ" ಎಂದರು. ಸುತ್ತಲಿದ್ದವರು ನಕ್ಕರು. ನನಗೋ ಮೂಗಿನ ತುದಿಯಲ್ಲೇ ಕೋಪ.

"ನಾನು ಎರಡು ಸಲ ಹೋಗಿದ್ದೀನಿ," ಎಂದೆ. "ಆಗುಂಬೆ, ಮುರುಡೇಶ್ವರ, ಗೋಕರ್ಣ. ಎಲ್ಲಾ."

ನಾನು ನೋಡಿದ್ದ ಅತಿ ದೊಡ್ಡ ನೀರೆಂದರೆ ಶಿರಾದ ಕೆರೆ. ಅದೂ ಬಸ್ಸಿನ ಕಿಟಕಿಯಿಂದ.

ಬಿಂದಿಗೆಯ ಜೋಕಿಗೆ ನಗದೆ ಇದ್ದವರು ಒಬ್ಬರೇ. ಮೂಲೆಯಲ್ಲಿ ಕುಳಿತು ಪೇಪರ್ ತಿದ್ದುತ್ತಿದ್ದ ಮ್ಯಾಥ್ಸ್ ಮೇಷ್ಟ್ರು, ಮೋಹನ್ ಕುಮಾರ್. ಅವರ ಕೆಂಪು ಪೆನ್ನು ಹಾಗೇ ನಿಂತಿತು. "ಹೌದಾ ಮಿಸ್? ಸಮುದ್ರ ನೋಡಿದ್ದೀರಾ?" ಎಂದು ಕೇಳಿದರು. ಆ ಕಣ್ಣಿನಲ್ಲಿ ಎಷ್ಟು ಆಸೆಯಿತ್ತೆಂದರೆ, ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುವ ಮನಸ್ಸೇ ಬರಲಿಲ್ಲ.

ಹೆಡ್‌ಮಾಸ್ಟರು ಅಲ್ಲೇ ತೀರ್ಪು ಕೊಟ್ಟರು. "ದಾರಿ ಲಾವಣ್ಯ ಮಿಸ್‌ಗೆ ಗೊತ್ತು. ಕಿಲೋಮೀಟರು ಕೂಡಿಸೋಕೆ ಮೋಹನ್ ಇದ್ದಾರೆ. ನೀವಿಬ್ರೇ ಪ್ಲಾನ್ ಹಾಕಿ."

ಹಾಗೆ ಶುರುವಾಯಿತು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿನ ಪಕ್ಕದ ಬೇಕರಿ. ಮೇಜಿನ ಮೇಲೆ ಮ್ಯಾಪು, ಅದು ಹಾರದ ಹಾಗೆ ಒಂದು ಕಡೆ ದಿಲ್‌ಪಸಂದಿನ ತಟ್ಟೆ, ಇನ್ನೊಂದು ಕಡೆ ಎರಡು ಲೋಟ ಕಾಫಿ. ಶಿರಾ, ಹುಳಿಯಾರು, ತರೀಕೆರೆ, ಶಿವಮೊಗ್ಗ. ಅವರ ಪೆನ್ಸಿಲ್ ಆಗುಂಬೆಯ ತಿರುವುಗಳನ್ನು ಇಳಿಯುವಾಗ ಅವರ ಕಿರುಬೆರಳು ನನ್ನ ಬೆರಳಿಗೆ ತಗುಲಿತು. ಇಬ್ಬರೂ ಕೈ ತೆಗೆಯಲಿಲ್ಲ. ಮ್ಯಾಪಿನಲ್ಲಿ ಹೊಸದಾಗಿ ಯಾವುದೋ ಊರು ಹುಟ್ಟಿದ ಹಾಗೆ ಇಬ್ಬರೂ ಅದನ್ನೇ ನೋಡುತ್ತಿದ್ದೆವು.

"ಈ ತಿರುವಲ್ಲಿ ಭಯ ಆಗಲ್ವಾ?" ಎಂದರು.

"ಅಭ್ಯಾಸ ಆಗುತ್ತೆ ಸರ್."

"ಎರಡೇ ಸಲಕ್ಕಾ?"

"ನಾನು ಬೇಗ ಕಲೀತೀನಿ."

"ಅದು ಗೊತ್ತಾಯ್ತು. ನನ್ನ ದಿಲ್‌ಪಸಂದಲ್ಲಿ ಅರ್ಧ ನಿಮ್ಮದು ಅಂತ ಮೊದಲನೇ ದಿನವೇ ಕಲಿತ್ರಿ."

ನಕ್ಕೆ. ಅವರು ನನ್ನ ನಗುವನ್ನೇ ನೋಡಿ, ನಾನು ನೋಡಿದೊಡನೆ ಪೆನ್ಸಿಲ್ ತುದಿಯನ್ನು ಪರೀಕ್ಷೆ ಮಾಡತೊಡಗಿದರು. ಸುಖವಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ರೂಮಿಗೆ ಹೋದ ಮೇಲೆ ಯಾರ್‍ಯಾರದೋ ಟ್ರಿಪ್ ವಿಡಿಯೋ ನೋಡುತ್ತಾ ಮರುದಿನದ ಉತ್ತರಗಳನ್ನು ಬರೆದುಕೊಳ್ಳುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು. ಬಿ.ಎಡ್. ಪರೀಕ್ಷೆಗೂ ಇಷ್ಟು ಓದಿರಲಿಲ್ಲ.

ಒಂದು ಸಂಜೆ ಅವರು ಕಾಫಿ ಮುಟ್ಟಲಿಲ್ಲ.

"ಅಮ್ಮ ಬರಲ್ಲ ಅಂತಾರೆ ಮಿಸ್. ಚಿಕ್ಕವರಿದ್ದಾಗ ಬಾವಿಗೆ ಬಿದ್ದಿದ್ರಂತೆ. ಈಗಲೂ ಕೆರೆ ಏರಿ ಮೇಲೆ ನಡೆಯಲ್ಲ. ಒಂದೇ ಒಂದು ಸಲ ಅವರಿಗೆ ಸಮುದ್ರ ತೋರಿಸ್ಬೇಕು ಅಂತ ನನಗೆ ಎಷ್ಟೋ ವರ್ಷದ ಆಸೆ."

ಆ ಮುಖ ಬಾಡಿದ್ದನ್ನು ನನಗೆ ನೋಡಲಾಗಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಗೋಕರ್ಣದಲ್ಲಿ ಒಬ್ರು ಅಜ್ಜಿ ಹೀಗೇ ಹೆದರ್ಕೊಂಡು ನಿಂತಿದ್ರು ಸರ್. ನಾನೇ ಕೈ ಹಿಡ್ಕೊಂಡು ಇಳಿಸಿದೆ. ಮೊದಲನೇ ಅಲೆ ಬಂದಾಗ ಕಣ್ಣು ಮುಚ್ಚಿಕೊಂಡ್ರು. ಎರಡನೇದಕ್ಕೆ ನಕ್ಕುಬಿಟ್ರು."

ಮೋಹನ್ ಸರ್ ನನ್ನನ್ನೇ ನೋಡಿದರು. ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಇಲ್ಲದ ಅಜ್ಜಿಯ ಹೆಸರಲ್ಲಿ ಅದನ್ನು ಕದ್ದುಕೊಂಡೆ.

ಶನಿವಾರ ಮಧ್ಯಾಹ್ನ ಹೊಳವನಹಳ್ಳಿಯ ಮೋಹನ್ ಸರ್ ಮನೆಗೆ ಹೋದೆ. ಟ್ರಿಪ್ಪಿನ ಟೆಂಪೋ ಟ್ರಾವೆಲರ್ ಡ್ರೈವರ್ ರೇಣುಕಯ್ಯ ಅದೇ ಊರಿನವರು. ಅವರಿಗೆ ಪ್ಲಾನ್ ತೋರಿಸಬೇಕಿತ್ತು. ಮೋಹನ್ ಸರ್ ತಾಯಿ ರಾಜಲಕ್ಷ್ಮಮ್ಮ ಬಾಗಿಲಲ್ಲೇ ನನ್ನ ಗಲ್ಲ ಮುಟ್ಟಿದರು.

"ಬಾರವ್ವ, ಬಾ. ಇವನು ಹೊತ್ತಾರೆಯಿಂದ ಗೇಟ್ ತಾವ ಹತ್ತು ಸಲ ಹೋಗ್ಬಂದವ್ನೆ."

"ಅಮ್ಮಾ, ಸುಮ್ನಿರಮ್ಮ," ಎಂದರು ಮೋಹನ್ ಸರ್. ಅವರ ಕಿವಿ ಕೆಂಪಾಯಿತು.

ಬಿಸಿ ವಡೆ ತಿನ್ನುತ್ತಾ ರೇಣುಕಯ್ಯ ನನ್ನ ನೋಟ್‌ಬುಕ್ ಓದಿದರು. ಊರು, ದೂರ, ತಂಗುವ ಜಾಗ, ಎಲ್ಲಕ್ಕೂ ತಲೆಯಾಡಿಸಿದರು. ಕೊನೆಯ ಪುಟದಲ್ಲಿ ನಿಂತರು. "ಇದೇನಿದು? ಇಪ್ಪತ್ ಲೀಟರ್ ನೀರಿನ್ ಕ್ಯಾನು, ಆರು?"

"ಕುಡಿಯೋಕೆ," ಎಂದೆ.

ಅವರು ತೊಡೆ ತಟ್ಟಿಕೊಂಡು ನಕ್ಕರು. "ಮೇಡಮ್ಮೋರೇ, ಆಗುಂಬೆಗೆ ನೀರು ಹೊತ್ಕೊಂಡು ಹೋಗೋರನ್ನ ಇವತ್ತೇ ಕಂಡಿದ್ದು ನಾನು! ಅಲ್ಲಿ ದಾರಿ ಬದೀಲೆಲ್ಲ ನೀರು ಸುರೀತಾ ಇರ್ತದೆ. ಒಂದ್ ಸಲ ಆ ಕಡೆ ಹೋಗಿದ್ದೋರು ಯಾರೂ ಇಂಗೆ ಬರೆಯಾಕಿಲ್ಲ ಕಣಮ್ಮ."

ಪಾವಗಡದ ಕಡೆಯ ಕ್ಯಾತಗಾನಚೆರ್ಲಿನ ನಮ್ಮ ಮನೆಯಲ್ಲಿ ಮದುವೆಗೆ ಹೊರಟರೂ ಗಾಡಿಗೆ ಮೊದಲು ಹತ್ತುವುದು ಫಿಲ್ಟರ್ ನೀರಿನ ಕ್ಯಾನು, ಆಮೇಲೆ ಜನ. ಬೋರ್‌ವೆಲ್ ನೀರಿನ ಫ್ಲೋರೈಡಿಗೆ ನಮ್ಮಜ್ಜನ ಹಲ್ಲು, ಮೂಳೆ ಎಲ್ಲ ಹೋಗಿತ್ತು. ಎಲ್ಲಿಗೆ ಹೊರಟರೂ ನೀರು ಕಟ್ಟಿಕೊಳ್ಳುವುದು ನಮಗೆ ಚಪ್ಪಲಿ ಹಾಕಿಕೊಂಡಷ್ಟೇ ಸಹಜ. ಕೈ ನನ್ನನ್ನು ಕೇಳದೇ ಬರೆದಿತ್ತು.

"ಅದು ನಾನು ಬರ್ಸಿದ್ದು ರೇಣುಕಣ್ಣ," ಎಂದರು ಮೋಹನ್ ಸರ್ ಥಟ್ಟನೆ. "ಅಮ್ಮಂಗೆ ಬೇರೆ ನೀರು ಒಗ್ಗಲ್ಲ ಅಂತ."

ತಪ್ಪು ಉತ್ತರಕ್ಕೆ ಅರ್ಧ ಮಾರ್ಕನ್ನೂ ಕೊಡದ ಮನುಷ್ಯ ನನಗಾಗಿ ಸುಳ್ಳು ಹೇಳಿದ್ದರು. ನಾನು ಹೇಳುತ್ತಿರುವುದೇನೋ ಸರಿಯಿಲ್ಲ ಎಂದು ಅವರಿಗೆ ಆ ಕ್ಷಣ ಗೊತ್ತಾಗಿತ್ತು. ಗೊತ್ತಾಗಿಯೂ ಮುಚ್ಚಿದರು. ನನ್ನ ಮುಖಕ್ಕೆ ಸಾಸಿವೆ ಹಾಕಿದ್ದರೆ ಸಿಡಿಯುತ್ತಿತ್ತು.

ರೇಣುಕಯ್ಯ ಕೈ ತೊಳೆಯಲು ಎದ್ದುಹೋದರು. ರಾಜಲಕ್ಷ್ಮಮ್ಮ ಪಕ್ಕದಲ್ಲಿ ಕುಳಿತು ನನ್ನ ಕೈ ಹಿಡಿದರು. "ಅದಿರ್ಲಿ ಬುಡು. ಇವ್ನು ಹೇಳಿದ್ನಲ್ಲ, ಆ ಅಜ್ಜಿ ಕೈ ಹಿಡ್ಕೊಂಡಂಗೇ ನನ್ ಕೈನೂ ಹಿಡ್ಕೋತೀಯೇನವ್ವ? ನೀನು ಹಿಡ್ಕೊಂಡ್ರೆ ಇಳೀತೀನಿ. ನೋಡ್ದೋಳು ನೀನು, ಆಳ ಎಷ್ಟು ಅಂತ ನಿಂಗೊತ್ತಿರ್ತದೆ."

ಅವರ ಅಂಗೈ ಬೆವೆತಿತ್ತು. ಮನೆಯ ನಡುವೆ ಕುಳಿತೇ ಅವರು ನೀರಿಗೆ ಹೆದರುತ್ತಿದ್ದರು. ನನ್ನ ಮಾತನ್ನು ನಂಬಿ ಹೊರಟಿದ್ದರು.

"ಅಮ್ಮಾ, ನಾನು ಸಮುದ್ರ ನೋಡಿಲ್ಲ," ಎಂದೆ. "ಅಜ್ಜಿ ಇಲ್ಲ. ನಾನು ಯಾರ ಕೈನೂ ಹಿಡಿದಿಲ್ಲ. ಎಲ್ಲಾ ನಾನೇ ಕಟ್ಟಿ ಹೇಳಿದ್ದು."

ಅವರು ಕೈ ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಮೋಹನ್ ಸರ್ ಎದ್ದು ಮ್ಯಾಪನ್ನು ಮಡಿಕೆಗೆ ಮಡಿಕೆ ಸೇರಿಸಿ ನಿಧಾನವಾಗಿ ಮಡಿಸಿದರು. "ಬಸ್‌ಗೆ ಟೈಮಾಯ್ತು. ಬನ್ನಿ, ಬಿಟ್ಟು ಬರ್ತೀನಿ."

ಬಸ್ ಸ್ಟಾಪಿನವರೆಗೂ ಅವರು ನನಗಿಂತ ಎರಡು ಹೆಜ್ಜೆ ಮುಂದೆ ನಡೆದರು. ಬಸ್ಸು ಕಾಣಿಸಿದಾಗ ಹೇಳಿದರು, "ನನಗೆ ಏನಾದ್ರೂ ಹೇಳಿ ಮಿಸ್, ನಕ್ಕು ಮರೀತೀನಿ. ಅಮ್ಮ ಮೂರು ದಿನದಿಂದ ಆ ಅಜ್ಜಿ ಕಥೇನ ಅಕ್ಕಪಕ್ಕದೋರಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ರು."

ಹತ್ತಿದೆ. ಕಿಟಕಿಯಿಂದ ನೋಡುವ ಧೈರ್ಯ ಬರಲಿಲ್ಲ.

ಸೋಮವಾರ ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ನಾನೇ ಎಲ್ಲರಿಗೂ ಹೇಳಿದೆ. ಬಿಂದಿಗೆಯ ಜೋಕಿಗೆ ಉರಿದುಕೊಂಡು ಸುಳ್ಳು ಹೇಳಿದೆ, ನಾನು ಎಲ್ಲಿಗೂ ಹೋಗಿಲ್ಲ ಎಂದೆ. ನಕ್ಕರು. ನೋಟ್‌ಬುಕ್ಕನ್ನು ಹೆಡ್‌ಮಾಸ್ಟರಿಗೆ ಕೊಟ್ಟು ಟ್ರಿಪ್ಪಿನ ಲಿಸ್ಟಿನಲ್ಲಿ ನನ್ನ ಹೆಸರು ಹೊಡೆದುಹಾಕಿದೆ. ಮೋಹನ್ ಸರ್ ಪೇಪರಿನಿಂದ ತಲೆ ಎತ್ತಲಿಲ್ಲ.

ಆ ವಾರ ಪೂರ್ತಿ ನಾಚಿಕೆಯಲ್ಲೇ ಬದುಕಿದೆ. ಕ್ಲಾಸಿನಲ್ಲಿ ಯಾರಾದರೂ "ಸುಳ್ಳು ಮಿಸ್, ಇವನು ಸುಳ್ಳು ಹೇಳ್ತಾನೆ" ಎಂದು ದೂರಿದರೆ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವಂತಾಗುತ್ತಿತ್ತು. ಬೇಕರಿಯ ಮುಂದೆ ಹಾಯುವುದನ್ನು ತಪ್ಪಿಸಲು ರಸ್ತೆಯ ಆ ಬದಿಯಲ್ಲಿ ನಡೆಯುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅವರ ಬೆನ್ನು. ಸ್ಟಾಫ್ ರೂಮಿನಲ್ಲಿ ಅವರು ಕುರ್ಚಿ ಬದಲಿಸಿದ್ದರು.

ಶುಕ್ರವಾರ ಸಂಜೆ ಊರಿಗೆ ಹೊರಟು ಪಾವಗಡದ ಬಸ್ಸಿನ ಹತ್ತಿರ ನಿಂತಿದ್ದೆ. ಪಕ್ಕದಲ್ಲಿ ಯಾರೋ ಬಂದು ನಿಂತರು.

"ಕೋಪ ಹೋಗಿಲ್ಲ," ಎಂದರು ಮೋಹನ್ ಸರ್, ಮೊದಲ ಮಾತಾಗಿ.

"ಹೋಗೋದು ಬೇಡ ಸರ್." ನಾನು ಅವರ ಚಪ್ಪಲಿ ನೋಡುತ್ತಿದ್ದೆ.

"ಅಮ್ಮ ಊಟಕ್ಕೆ ಬಡಿಸುವಾಗೆಲ್ಲ ನನಗೇ ಬೈತಿದ್ದಾರೆ. 'ಸಮುದ್ರ ನೋಡಿರೋಳಾದ್ರೆ ನನ್ನ ಎಳ್ಕೊಂಡು ಮುಂದಕ್ಕೆ ಹೋಗ್ಬುಡ್ತಾಳೆ ಕಣ್ಲಾ, ನೋಡ್ದೇ ಇರೋಳಾದ್ರೆ ನನ್ ಜೊತೇಲೇ ಹೆದರ್ಕೊಂಡು ನಿಂತ್ಕೋತಾಳೆ, ಅವಳ್ನೇ ಕರ್ಕೊಂಡು ಬಾ' ಅಂತ."

ಅಳು ಬಂತು. ನುಂಗಿಕೊಂಡೆ. "ಅಮ್ಮ ಸರಿ. ನೀವು?"

"ನಾನು ಐದು ದಿನದಿಂದ ಒಂದೇ ಲೆಕ್ಕ ಮಾಡ್ತಿದ್ದೀನಿ. ಬೇಕರೀಲಿ ನೀವು ಹೇಳಿದ್ದರಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ. ನನಗೆ ಬಿಡಿಸೋಕೆ ಬರ್ತಿಲ್ಲ. ನೀವೇ ಹೇಳಿ."

ಕಂಡಕ್ಟರ್ "ಪಾವಗಡ, ಪಾವಗಡ" ಎಂದು ಕೂಗುತ್ತಿದ್ದರು. ಹೇಳತೊಡಗಿದೆ.

"ಆಗುಂಬೆ ಸುಳ್ಳು."

"ಗೊತ್ತು."

"ಬಸ್ಸಲ್ಲಿ ವಾಂತಿ ಆಗಲ್ಲ ಅಂದಿದ್ದೂ ಸುಳ್ಳು. ಆಗುತ್ತೆ."

"ಹ್ಞೂಂ."

"ಕಾಫಿ ಇಷ್ಟ ಅಂದಿದ್ದು ಸುಳ್ಳು. ನನಗೆ ಅದರ ವಾಸನೆಯೇ ಆಗಲ್ಲ."

"ಮೂರು ವಾರ ಕುಡಿದ್ರಲ್ರೀ!"

"ನೀವು ತಂದು ಇಡ್ತಿದ್ರಿ."

ಅವರ ತುಟಿಯ ಒಂದು ತುದಿ ಅಲುಗಿತು. ಕೋಪ ಅದನ್ನು ತಡೆದು ಹಿಡಿಯಿತು. "ಇನ್ನೂ ಇದೆಯಾ?"

"ರೂಟ್ ಮೂರನೇ ದಿನಕ್ಕೇ ಮುಗಿದಿತ್ತು. ಮುಗಿದಿಲ್ಲ ಅಂತ ಹೇಳಿ ದಿನಾ ಬರ್ತಿದ್ದೆ."

ಅವರು ತಗ್ಗಿದ ದನಿಯಲ್ಲಿ ಹೇಳಿದರು, "ನಾನೂ ಕಿಲೋಮೀಟರು ಬೇಕಂತಲೇ ತಪ್ಪು ಕೂಡಿಸ್ತಿದ್ದೆ."

ಬಸ್ಸು ಹೊರಟಿತು. ನಾನು ಹತ್ತಲಿಲ್ಲ.

"ಹಾಗಾದ್ರೆ ನಿಜ ಯಾವುದು ಲಾವಣ್ಯ?" ಮಿಸ್ ಎನ್ನಲಿಲ್ಲ ಅವರು.

"ನಿಜ ಒಂದೇ ಇದ್ದಿದ್ದು. ಅಷ್ಟೆಲ್ಲಾ ಮಾತಾಡಿದೆ, ಅದೊಂದನ್ನ ಮಾತ್ರ ಹೇಳ್ಲೇ ಇಲ್ಲ."

"ಈಗ ಹೇಳಿ."

ಜನ ಓಡಾಡುತ್ತಿದ್ದರು. ಎದುರಿನ ಹಣ್ಣಿನ ಗಾಡಿಯವರು ನಮ್ಮನ್ನೇ ನೋಡುತ್ತಿದ್ದರು. ನೋಡಲಿ ಎನಿಸಿತು.

"ನೀವಂದ್ರೆ ನನಗೆ ಇಷ್ಟ," ಎಂದೆ. ಆ ವಾರದಲ್ಲಿ ಮೊದಲ ಸಲ ನಾನು ತಲೆ ತಗ್ಗಿಸಲಿಲ್ಲ. ತಗ್ಗಿಸಿದ್ದು ಅವರು; ಕಿವಿ ಕೆಂಪಾಗಿತ್ತು.