ಒಳಗಿನ ಹಿಡಿ

ಬೆಲ್ ಹೊಡೆದ ಕೂಡಲೇ ಅಣ್ಣ ತಂಗಿಯ ಕೋಣೆಯ ಬಾಗಿಲು ಎಳೆದುಕೊಳ್ಳುತ್ತಿದ್ದ, ಕನ್ನಡಿ ನೋಡಿ ತಲೆ ಬಾಚಿಕೊಳ್ಳುತ್ತಿದ್ದ, ಆಮೇಲೆ ಗಿರಾಕಿಗೆ ಬಾಗಿಲು ತೆಗೆಯುತ್ತಿದ್ದ. ಈ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ.

"ಪುಟ್ಟಿ, ಯಾರೋ ಬಂದ್ರು. ಡ್ರಿಲ್ ನಿಲ್ಲಿಸು ಸ್ವಲ್ಪ," ಎಂದ ಆ ಮಧ್ಯಾಹ್ನವೂ. ಗಿರಾಕಿಗೆ ವಿಡಿಯೋ ತೋರಿಸಲು ಬೇಕೆಂದು ಮೇಜಿನ ಮೇಲಿದ್ದ ಫೋನನ್ನೂ ಎತ್ತಿಕೊಂಡ. ಬಾಗಿಲು ಕಟಕ್ ಎಂದು ಕೂತಿತು.

ಆ ಬಾಗಿಲಿಗೆ ಹೊರಗಡೆ ಹಿಡಿ ಇತ್ತು, ಒಳಗಡೆ ಇರಲಿಲ್ಲ. ಎರಡು ವರ್ಷದ ಹಿಂದೆ ಮುರಿದುಹೋಗಿ, ಚೌಕಾಕಾರದ ಕಬ್ಬಿಣದ ತುದಿಯೊಂದು ಮಾತ್ರ ಬೆರಳಗಲ ಚಾಚಿಕೊಂಡಿತ್ತು. "ನಾಳೆ ಹಾಕಿಸ್ತೀನಿ" ಎಂದು ಅಣ್ಣ ಹೇಳಿದ ನಾಳೆಗಳು ಎಷ್ಟೋ. ಹೊರಗೆ ಬರಬೇಕಾದರೆ ಅವಳು ಒಳಗಿನಿಂದ ತಟ್ಟಬೇಕು, ಅತ್ತಿಗೆ ಬಂದು ತೆಗೆಯಬೇಕು. ಲೋಕದವರಿಗೆಲ್ಲ ಹಿಡಿ ಮಾಡಿಕೊಡುವವಳ ಬಾಗಿಲಿಗೇ ಹಿಡಿಯಿಲ್ಲ. ಇಕ್ಕಳ ಹಾಕಿ ತಿರುಗಿಸಿದ್ದರೆ ಯಾವತ್ತೋ ತೆರೆದುಕೊಳ್ಳುತ್ತಿತ್ತು ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಬಾಗಿಲು ತೆಗೆದು ಹೋಗುವುದು ಎಲ್ಲಿಗೆ ಎಂಬುದು ಗೊತ್ತಿರಲಿಲ್ಲ.

ಅವಳು ಮಾಡುತ್ತಿದ್ದುದು ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟಕ್ಕೆ ಬೇಕಾದ ಕಂಟ್ರೋಲರ್‌ಗಳನ್ನು. ಕೀಬೋರ್ಡ್ ಒತ್ತಿ ಓಡಿಸಿದರೆ ಅದು ಟೈಪಿಂಗ್ ಆದೀತೇ ಹೊರತು ರೈಲಾಗದು ಎಂದು ನಂಬಿದ ಹುಚ್ಚರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಕೈತುಂಬ ಹಿಡಿಯುವ ಲಿವರ್ ಬೇಕು. ಮರದ ಪೆಟ್ಟಿಗೆ, ಮೇಲೊಂದು ಅಲ್ಯೂಮಿನಿಯಂ ತಗಡು, ವೇಗಕ್ಕೊಂದು ಲಿವರ್, ಬ್ರೇಕಿಗೊಂದು, ಹಾರ್ನಿಗೊಂದು ಗುಂಡಿ. ಲಿವರ್ ಒಂದೊಂದು ಹಂತಕ್ಕೆ ಬಂದಾಗಲೂ ಟಕ್ ಎಂದು ನಿಲ್ಲಬೇಕು. ಆ ಹಂತಕ್ಕೆ ರೈಲಿನವರು ನಾಚ್ ಅನ್ನುತ್ತಾರೆ. ಆ ಒಂದು ಟಕ್‌ಗಾಗಿ ಅವಳು ಸ್ಪ್ರಿಂಗು, ಸೈಕಲ್ಲಿನ ಉಕ್ಕಿನ ಗುಂಡು ಹಿಡಿದು ತಿಂಗಳುಗಟ್ಟಲೆ ಕೂತಿದ್ದಳು. ಮೊದಮೊದಲು ಬಾಗಿಲ ಹಿಡಿಗಳನ್ನೇ ತಂದು ಕೊರೆದು ಲಿವರ್ ಮಾಡುತ್ತಿದ್ದಳು. ಈಗ ಹಿತ್ತಾಳೆಯಲ್ಲಿ ತಾನೇ ಮಾಡಿದರೂ ತಳದ ಚೌಕದ ತೂತು ಮಾತ್ರ ಹಳೆಯ ಅಳತೆಯದೇ.

ವಿಡಿಯೋದಲ್ಲಿ ಕೂರುವವನು ಅಣ್ಣ. ಆರು ವರ್ಷದ ಹಿಂದೆ ಅವನ ಕೆಲಸ ಹೋದಾಗ, ತಂಗಿ ತಮಾಷೆಗೆ ಮಾಡಿದ್ದ ಲಿವರನ್ನು ಹಿಡಿದು "ನಾನೇ ಮಾಡಿದ್ದು" ಎಂದು ವಿಡಿಯೋ ಹಾಕಿದ್ದ. ಮೂರು ದಿನದಲ್ಲಿ ಹತ್ತು ಜನ ನಮಗೂ ಬೇಕು ಎಂದರು. "ಹುಡುಗಿ ಮಾಡಿದ್ದು ಅಂದ್ರೆ ಯಾರೂ ನಂಬಲ್ಲ ಪುಟ್ಟಿ. ಸ್ವಲ್ಪ ದಿನ ಹೀಗೇ ಇರ್ಲಿ," ಎಂದ. ಮನೆಯಲ್ಲಿ ಒಲೆ ಉರಿಯಬೇಕಿತ್ತು, ಅವಳು ತಲೆಯಾಡಿಸಿದಳು. ಅಣ್ಣ ಕೆಟ್ಟವನಾಗಿದ್ದರೆ ಜಗಳವಾಡಿಯಾದರೂ ಹೊರಬೀಳಬಹುದಿತ್ತು. ಜ್ವರ ಬಂದರೆ ಪಕ್ಕದಿಂದ ಏಳದ ಅಣ್ಣನ ಜೊತೆ ಯಾವ ಬಾಯಲ್ಲಿ ಜಗಳವಾಡುವುದು?

ಗಿರಾಕಿಗಳ ಮೆಸೇಜಿಗೆ ಉತ್ತರ ಬರೆಯುವವಳೂ ಅವಳೇ, ಅಣ್ಣನ ಹೆಸರಿನಲ್ಲಿ. ಸ್ಪ್ರಿಂಗಿನ ಸಂಗತಿ ಅಣ್ಣನಿಗೇನು ಗೊತ್ತು?

ಹಾಗೆ ಸಿಕ್ಕಿದವನು ಶಂಟಿಂಗ್ ಸಾಹೇಬ.

ಆ ಹೆಸರಿಟ್ಟವಳು ಅವಳೇ. ಅವನು ನಿಜವಾದ ರೈಲು ಡ್ರೈವರ್. ಆದರೆ ಒಂಬತ್ತು ವರ್ಷದಿಂದ ಯಾರ್ಡಿನೊಳಗೆ ಗೂಡ್ಸ್ ಡಬ್ಬಿಗಳನ್ನು ಹಿಂದಕ್ಕೂ ಮುಂದಕ್ಕೂ ತಳ್ಳುವ ಶಂಟಿಂಗೇ ಅವನ ಕೆಲಸ. ಎರಡು ಕಿಲೋಮೀಟರ್ ದಾಟಿದವನಲ್ಲ.

"ಬೆಳಗ್ಗಿಂದ ರೈಲು ಓಡಿಸಿ ಮನೆಗೆ ಬಂದು ಮತ್ತೆ ರೈಲೇ ಓಡಿಸ್ತೀರಾ?" ಎಂದು ಅವಳು ಬರೆದಿದ್ದಳು.

"ಯಾರ್ಡಲ್ಲಿ ಮಾಡೋದು ಬೀರು ಜರುಗಿಸೋ ಕೆಲಸ ಗುರುವೇ. ಆಟದಲ್ಲಾದ್ರೆ ಸಮುದ್ರದ ತನಕ ಹೋಗಿ ಬರ್ತೀನಿ."

ಗುರುವೇ ಅನ್ನುತ್ತಿದ್ದ. ಲಿವರ್ ಮಾಡಿದ ಕೈಗೆ ಅಷ್ಟು ಗೌರವ. ಎಂಟು ತಿಂಗಳಿಂದ, ಶಿಫ್ಟ್ ಮುಗಿಸಿ ಮಧ್ಯಾಹ್ನ ಆಟಕ್ಕೆ ಕೂರುವಾಗಲೆಲ್ಲ "ಹೊರಟೆ ಗುರುವೇ" ಎಂದು ಬರೆಯುತ್ತಿದ್ದ. ಅವಳು "ಲೈನ್ ಕ್ಲಿಯರ್" ಎಂದು ಅಪ್ಪಣೆ ಕೊಡುತ್ತಿದ್ದಳು. ಒಮ್ಮೆ ಬೆಸುಗೆ ಹಾಕುತ್ತಾ ಮರೆತುಬಿಟ್ಟಿದ್ದಳು. ಅರ್ಧ ಗಂಟೆ ಬಿಟ್ಟು ಮತ್ತೊಂದು ಮೆಸೇಜ್ ಬಂತು: "ಸ್ಟೇಷನ್ನಲ್ಲೇ ನಿಂತಿದೀನಿ ಗುರುವೇ. ಪ್ರಯಾಣಿಕರೆಲ್ಲ ನನ್ನ ಬಯ್ತಿದಾರೆ." ಅವಳು ಒಬ್ಬಳೇ ಕೂತು ಬಿದ್ದು ಬಿದ್ದು ನಕ್ಕಿದ್ದಳು. ಏನಾಯಿತು ಎಂದು ಅತ್ತಿಗೆ ಬಾಗಿಲು ತೆಗೆದು ನೋಡಿದ್ದಳು.

ಇನ್ನೊಮ್ಮೆ, "ನಿಮ್ಮ ಲಿವರ್‌ಗಳೆಲ್ಲ ಎಡಗೈಗೇ ಒಗ್ಗೋ ಹಾಗಿವೆ. ನೀವು ಎಡಚರಾ?" ಎಂದು ಕೇಳಿದ್ದ. ಆರು ವರ್ಷದಲ್ಲಿ ಯಾರೂ ಕಂಡುಹಿಡಿಯದ್ದನ್ನು ಅವನು ಮುಟ್ಟಿಯೇ ತಿಳಿದಿದ್ದ. "ಹೌದು" ಎಂದು ಬರೆದವಳಿಗೆ ದಿನವಿಡೀ ತನ್ನ ಎಡಗೈಯನ್ನು ಮತ್ತೆ ಮತ್ತೆ ನೋಡಿಕೊಳ್ಳುವ ಹಾಗಾಯಿತು.

ಹೋದ ತಿಂಗಳು ಬರೆದದ್ದಂತೂ ಇದು: "ನಿಮ್ಮ ಹತ್ರ ಮಾತಾಡೋ ಹಾಗೆ ನನಗೆ ಯಾರ ಹತ್ರಾನೂ ಆಗಲ್ಲ. ನೀವು ಹೆಣ್ಣಾಗಿದ್ದಿದ್ರೆ ಇಷ್ಟೊತ್ತಿಗೆ ಮನೆಗೆ ಬಂದು ಕೇಳ್ತಿದ್ದೆ." ಕೊನೆಗೆ ನಗುವ ಮುಖ. ಅವಳು ಫೋನನ್ನು ಸ್ಕ್ರೂ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದಳು. ಎರಡು ದಿನ ಉತ್ತರ ಬರೆಯಲಿಲ್ಲ. ತನಗೆ ಪ್ರೀತಿಯಾಗಿದೆ ಎಂದು ಅವಳಿಗೆ ತಿಳಿದದ್ದು ಆ ಎರಡು ದಿನಗಳಲ್ಲೇ.

ಈಗ ಗೋಡೆಯಾಚೆ ಕುರ್ಚಿ ಎಳೆದ ಸದ್ದಾಯಿತು.

"ಗುರುವೇ! ಕೊನೆಗೂ ನಿಮ್ಮ ದರ್ಶನ ಆಯ್ತು!"

ಆ ದನಿಯನ್ನು ಅವಳು ಕೇಳಿದ್ದೇ ಇಲ್ಲ, ಆದರೂ ಆ ಮಾತು ಯಾರದೆಂದು ಕೇಳಬೇಕಾಗಿರಲಿಲ್ಲ. ಸ್ವಲ್ಪ ಒರಟಾದ, ನಗು ಬೆರೆತ ದನಿ. ಸ್ಕ್ರೂಡ್ರೈವರ್ ಹಿಡಿದುಕೊಂಡೇ ಎದ್ದು ಬಾಗಿಲಿಗೆ ಕಿವಿಗೊಟ್ಟಳು.

"ಬನ್ನಿ ಸರ್, ಬನ್ನಿ. ಯಾವುದು ಬೇಕಿತ್ತು?" ಅಣ್ಣನದು ಎಲ್ಲ ಗಿರಾಕಿಗಳಿಗೂ ಕೊಡುವ ನಗು.

"ನಾನು ಗುರುವೇ, ಯಾರ್ಡಿನವನು."

"ಓಹೋ, ಯಾರ್ಡಿನವರು! ಗೊತ್ತಾಯ್ತು, ಗೊತ್ತಾಯ್ತು." ಏನೂ ಗೊತ್ತಾಗಿರಲಿಲ್ಲ.

"ನನಗೆ ಮೇನ್ ಲೈನ್ ಸಿಕ್ತು, ಇನ್ನು ನಿಜವಾದ ಪ್ರಯಾಣಿಕರ ರೈಲು. ಬೇರೆ ಊರಿಗೆ ವರ್ಗ, ನಾಳೆ ಬೆಳಗ್ಗೆ ಹೊರಡಬೇಕು, ಹದಿನಾಲ್ಕು ಗಂಟೆ ದಾರಿ. ನಿಮಗೆ ಹೇಳದೆ ಹೋಗೋಕೆ ಮನಸ್ಸು ಬರ್ಲಿಲ್ಲ. ಬ್ರೇಕಿನ ಐದನೇ ನಾಚ್ ಸಡಿಲ ಆಗಿದೆ, ಅದೊಂದು ನೆಪ ಅಷ್ಟೇ."

"ಅಷ್ಟೇನಾ? ಐದು ನಿಮಿಷ ಸರ್. ಒಳಗೆ ಮೆಷಿನ್ ಇದೆ."

ಬಾಗಿಲು ತೆರೆಯಿತು. ಅಣ್ಣ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಅವಳು ಅವನ ತೋಳು ಹಿಡಿದುಕೊಂಡಳು.

"ಅಣ್ಣಾ, ಅವರ ಹತ್ರ ನಾನೊಂದು ಮಾತಾಡ್ಬೇಕು. ಒಂದೇ ಒಂದು."

"ಹುಚ್ಚು ಹಿಡೀತಾ? ಆರು ವರ್ಷದ್ದೆಲ್ಲ ಬಯಲಾಗುತ್ತೆ. ಬೇಗ ಸರಿ ಮಾಡು ಪುಟ್ಟಿ, ಪ್ಲೀಸ್."

ಕಟಕ್.

ಪೆಟ್ಟಿಗೆಯ ಮೂಲೆಗಳು ಸವೆದಿದ್ದವು. ಬ್ರೇಕಿನ ಹಿತ್ತಾಳೆ ಹಿಡಿ ಅವನ ಅಂಗೈ ತಾಗಿ ತಾಗಿ ಒಂದು ಕಡೆ ಹೊಳಪಾಗಿ, ಇನ್ನೊಂದು ಕಡೆ ಕಪ್ಪಾಗಿತ್ತು. ಹೊಳೆಯುವ ಜಾಗದ ಮೇಲೆ ಅವಳು ತನ್ನ ಎಡಗೈ ಇಟ್ಟಳು. ಅವನ ಕೈ ತನ್ನದಕ್ಕಿಂತ ಎಷ್ಟು ದೊಡ್ಡದೆಂದು ಆ ಹೊಳಪಿನಲ್ಲೇ ಕಾಣುತ್ತಿತ್ತು. ತಿರುಪು ಬಿಚ್ಚಿ ಹಿಡಿಯನ್ನು ಹೊರಗೆ ತೆಗೆದಳು. ಆದರೆ ಕಿವಿ ಮಾತ್ರ ಗೋಡೆಯಾಚೆಯೇ ಇತ್ತು.

ಅಣ್ಣ ರಸೀದಿ ಬರೆಯುತ್ತಿದ್ದನೆಂದು ಕಾಣುತ್ತದೆ.

"ನೀವು ಎಡಚರು ಅಂದಿದ್ರಲ್ಲ ಗುರುವೇ?"

"ಯಾರು? ನಾನಾ?" ಕಳ್ಳನ ಮನಸ್ಸು ಹುಳ್ಳಹುಳ್ಳಗೆ, ಅಣ್ಣ ಗಂಟಲು ಸರಿಮಾಡಿಕೊಂಡ. "ಅದು, ಕೆಲವು ಸಲ. ಬರೆಯೋವಾಗ ಬಲಗೈ."

"ಆ ಸ್ಟೇಷನ್ನಲ್ಲಿ ನಿಂತೇಬಿಟ್ಟಿದ್ದೆನಲ್ಲ, ಪ್ರಯಾಣಿಕರೆಲ್ಲ ಬಯ್ದು..."

"ಅಯ್ಯೋ ಪಾಪ. ಕಂಪ್ಲೇಂಟ್ ಏನಾದ್ರೂ ಕೊಟ್ರಾ?"

ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ಆ ದನಿ ಮತ್ತೆ ಕೇಳಿತು, ಈ ಸಲ ಅದರಲ್ಲಿ ನಗುವಿರಲಿಲ್ಲ.

"ನನ್ನ ಗುರುತು ಹಿಡಿಯೋಕೆ ನಿಮಗೆ ಇಷ್ಟ ಇಲ್ಲ ಅಂತ ಕಾಣುತ್ತೆ. ಪರವಾಗಿಲ್ಲ. ಹೋದ ತಿಂಗಳು ನಾನು ಬರೆದಿದ್ದು ತಪ್ಪೇ. ಅದಕ್ಕೇ ಎರಡು ದಿನ ನೀವು ಉತ್ತರ ಕೊಡ್ಲಿಲ್ಲ. ಕ್ಷಮಿಸಿ."

"ಛೆ, ಛೆ, ಅದರಲ್ಲೇನಿದೆ ಸರ್."

"ಪೆಟ್ಟಿಗೆ ಇಲ್ಲೇ ಇರ್ಲಿ. ಇನ್ನು ಅದು ನನಗೆ ಬೇಕಾಗಲ್ಲ."

ಕುರ್ಚಿ ಹಿಂದೆ ಸರಿಯಿತು. ಅವಳು ಬಾಗಿಲು ತಟ್ಟಿದಳು, ಅಣ್ಣ ಕೇಳಿಸದವನಂತಿದ್ದ. ಅತ್ತಿಗೆ ಮಕ್ಕಳನ್ನು ಕರೆತರಲು ಶಾಲೆಗೆ ಹೋಗಿದ್ದಳು. ತಾನೇ ಕೂಗಲು ಬಾಯಿ ತೆರೆದಳು, ಏನೆಂದು ಕೂಗುವುದು? ನಾನು ಗುರು ಎಂದೇ? ಕಣ್ಣಲ್ಲಿ ನೀರು ತುಂಬಿತು, ಆ ನೀರಿಗಿಂತ ಹೆಚ್ಚು ತನ್ನ ಮೇಲೆ ತನಗೇ ಸಿಟ್ಟು ತುಂಬಿತು. ನಾಳೆ ಅವನು ಹದಿನಾಲ್ಕು ಗಂಟೆಯ ದೂರದಲ್ಲಿರುತ್ತಾನೆ. ತಾನು ಇದೇ ಸ್ಟೂಲಿನ ಮೇಲೆ, ಇದೇ ತಗಡಿಗೆ ತೂತು ಕೊರೆಯುತ್ತಾ ಇರುತ್ತೇನೆ.

ಹೊಸ್ತಿಲ ಹತ್ತಿರ ಅವನು ನಿಂತದ್ದು ಕೇಳಿಸಿತು.

"ಹೊರಟೆ ಗುರುವೇ."

ಅವನು ಕಾಯುತ್ತಿದ್ದ. ಅವಳಿಗೆ ಅದು ಗೊತ್ತಿತ್ತು, ಇಡೀ ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

"ಆಯ್ತು ಸರ್, ಹೋಗ್ಬನ್ನಿ," ಎಂದ ಅಣ್ಣ.

ಅವಳ ಕೈಯಲ್ಲಿ ಇನ್ನೂ ಅವನ ಬ್ರೇಕಿನ ಹಿಡಿಯಿತ್ತು. ಅದರ ತಳದ ಚೌಕದ ತೂತನ್ನು ನೋಡಿದಳು. ಬಾಗಿಲಿನ ಮುರಿದ ತುದಿಯನ್ನು ನೋಡಿದಳು. ಹಳೆಯ ಅಳತೆ. ಹಿಡಿಯನ್ನು ತುದಿಗೆ ಸಿಕ್ಕಿಸಿ ಎಡಗೈಯಿಂದ ಕೆಳಗೆ ಒತ್ತಿದಳು. ಎರಡು ವರ್ಷದಿಂದ ಒಳಗಿನಿಂದ ಯಾರ ಮಾತನ್ನೂ ಕೇಳದಿದ್ದ ಬಾಗಿಲು ಟಕ್ ಎಂದು ಬಿಟ್ಟುಕೊಟ್ಟಿತು.

"ಲೈನ್ ಕ್ಲಿಯರ್ ಇಲ್ಲ," ಎಂದಳು.

ಅವನು ತಿರುಗಿದ. ಅವಳು ಅಂದುಕೊಂಡಿದ್ದಕ್ಕಿಂತ ಕುಳ್ಳ, ಕಣ್ಣು ಮಾತ್ರ ಅಂದುಕೊಂಡಿದ್ದಕ್ಕಿಂತ ಚೆಂದ. ಆ ಕಣ್ಣು ಅವಳ ಮುಖ ನೋಡಿತು, ಕೂದಲಿಗೆ ಅಂಟಿದ್ದ ಹಿತ್ತಾಳೆ ಪುಡಿ ನೋಡಿತು, ಬಾಗಿಲ ಹಿಡಿಯ ಮೇಲಿದ್ದ ಎಡಗೈಗೆ ಬಂದು ಅಲ್ಲೇ ನಿಂತಿತು. ಅವನ ಕಿವಿ ಕೆಂಪಾಗುತ್ತಾ ಹೋಯಿತು. ಅಣ್ಣ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡುತ್ತಾ ಕಣ್ಣು ಕಣ್ಣು ಬಿಟ್ಟ.

"ಗುರು... ನೀವಾ?"

"ನಾನೇ. ಎಂಟು ತಿಂಗಳಿಂದಲೂ ನಾನೇ. ಸುಳ್ಳು ಹೇಳಿದ್ದು ಹೆಸರೊಂದೇ, ಉಳಿದಿದ್ದೆಲ್ಲ ನಿಜ." ಅವಳು ಕೋಣೆಯಿಂದ ಒಂದು ಹೆಜ್ಜೆ ಹೊರಗಿಟ್ಟಳು. "ಹೋದ ತಿಂಗಳು ಒಂದು ಮಾತು ಬರೆದಿದ್ರಿ. ಅದು ತಮಾಷೆಗಾ?"

"ತಮಾಷೆ ಅಂದ್ಕೊಂಡೇ ಬರೆದೆ," ಎಂದ ಅವನು. "ಕಳಿಸಿದ ಮೇಲೆ ನನಗೇ ಭಯ ಆಯ್ತು. ಆಮೇಲೆ ಮೂರು ಸಲ ಕೆಂಪು ಸಿಗ್ನಲ್ ನೋಡದೆ ಮುಂದೆ ಹೋದೆ. ಆಟದಲ್ಲಿ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ಪುಟ್ಟಿ," ಎಂದ ಅಣ್ಣ ಸಣ್ಣ ದನಿಯಲ್ಲಿ. "ಜನ ಏನಂತಾರೆ? ನಾನು ಇನ್ನು ಏನಂತ ಮುಖ ತೋರಿಸ್ಲಿ?"

"ವಿಡಿಯೋದಲ್ಲಿ ಮುಖ ನಿನ್ನದೇ ಇರ್ಲಿ ಅಣ್ಣಾ, ಮಾತಾಡೋಕೆ ನಿನ್ನಷ್ಟು ನನಗೆ ಬರಲ್ಲ. ಕೈ ನನ್ನದಾಗಿರ್ಲಿ. ಯಾರದ್ದು ಅಂತ ಕೇಳಿದ್ರೆ ನನ್ನ ತಂಗಿದು ಅನ್ನು. ಅಷ್ಟು ಹೇಳೋಕೂ ನಾಚಿಕೇನಾ ನಿನಗೆ?"

ಅಣ್ಣ ತಲೆ ತಗ್ಗಿಸಿದ. ಆಮೇಲೆ ಯಾರೂ ಕೇಳದೆಯೇ ಇನ್ನೊಂದು ಕುರ್ಚಿ ತಂದು ಅವಳ ಕೋಣೆಯೊಳಗೆ, ಮೇಜಿನ ಪಕ್ಕದಲ್ಲಿ ಹಾಕಿ, ಟೀ ಇಡಲು ಅಡುಗೆಮನೆಗೆ ಹೋದ.

ಒಂದು ಗಂಟೆ ಹೊತ್ತು ಶಂಟಿಂಗ್ ಸಾಹೇಬ ಅಲ್ಲೇ ಕೂತು ಅವಳು ಐದನೇ ನಾಚಿನ ಸ್ಪ್ರಿಂಗ್ ಬದಲಿಸುವುದನ್ನು ನೋಡಿದ. ಉಕ್ಕಿನ ಗುಂಡು ಕೆಳಗೆ ಉರುಳಿದಾಗ ಇಬ್ಬರೂ ಒಟ್ಟಿಗೆ ಬಗ್ಗಿದರು, ತಲೆಗೆ ತಲೆ ಬಡಿಯಿತು. ಯಾರೂ ನೋವಾಯಿತು ಅನ್ನಲಿಲ್ಲ. ಲಿವರ್ ಸರಿಯಾಯಿತು. ಅವಳು ಹಿಡಿ ತೆಗೆಯಲೆಂದು ಬಾಗಿಲ ಕಡೆ ಹೋದಾಗ ಅವನು ಅಡ್ಡ ನಿಂತ.

"ಅದು ಅಲ್ಲೇ ಇರ್ಲಿ."

"ಬ್ರೇಕ್ ಇಲ್ಲದೆ ರೈಲು ಹೇಗೆ ಓಡಿಸ್ತೀರಿ?"

"ಆಟ ತಾನೇ, ನಿಲ್ಲಿಸಿ ಇಡ್ತೀನಿ. ಇನ್ನೊಂದು ಹಿಡಿ ಮಾಡಿ. ಕೊರಿಯರ್ ಮಾತ್ರ ಬೇಡ, ನೀವೇ ತನ್ನಿ." ಅವನು ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡ. "ಹದಿನಾಲ್ಕು ಗಂಟೆ ದಾರಿ. ಕೊನೆಯ ಮೂರು ಗಂಟೆ ಓಡಿಸೋನು ನಾನೇ ಆಗಿರ್ತೀನಿ. ಬಂದ ದಿನ ಕೇಳಬೇಕಾದ್ದನ್ನ ಸರಿಯಾಗಿ ಕೇಳ್ತೀನಿ."

"ನಾನು ರೈಲು ಹತ್ತಿ ಆರು ವರ್ಷ ಆಯ್ತು," ಎಂದಳು ಅವಳು. "ಹಿಡಿ ಮಾಡೋಕೆ ಹತ್ತು ದಿನ ಬೇಕು."

"ಕಾಯ್ತೀನಿ. ಸ್ಟೇಷನ್ನಲ್ಲಿ ನಿಂತು ಅಭ್ಯಾಸ ಇದೆ ನನಗೆ."

ಹೊಸ್ತಿಲಲ್ಲಿ ಅವನು ಮತ್ತೆ ತಿರುಗಿ ನಿಂತ. "ಹೊರಟೆ ಗುರುವೇ."

ಅವಳು ಬೇಕೆಂದೇ ಸ್ವಲ್ಪ ತಡ ಮಾಡಿದಳು, ಅವನ ಮುಖವನ್ನು ಇನ್ನಷ್ಟು ಹೊತ್ತು ನೋಡಬೇಕೆಂದು. ಆಮೇಲೆ ಹೇಳಿದಳು.

"ಲೈನ್ ಕ್ಲಿಯರ್."

ಅವನು ಬೀದಿಯ ತಿರುವು ದಾಟುವ ತನಕ ನಿಂತಿದ್ದು ಅವಳು ಕೋಣೆಗೆ ಬಂದಳು. ಬಾಗಿಲು ಹಾಕಿಕೊಂಡಳು. ಹಿಡಿ ಒತ್ತಿ ಬಾಗಿಲು ತೆಗೆದಳು. ಮತ್ತೊಮ್ಮೆ ಹಾಕಿ ತೆಗೆದಳು. ಅಡುಗೆಮನೆಯಿಂದ ಅಣ್ಣ, "ಏನದು ಸದ್ದು ಪುಟ್ಟಿ?" ಎಂದು ಕೇಳಿದ.

"ಏನಿಲ್ಲ ಅಣ್ಣಾ, ಸರಿಯಾಗಿದೆಯಾ ನೋಡ್ತಿದೀನಿ," ಎಂದು ಅವಳು ಹೊಸ ಹಿತ್ತಾಳೆ ತುಂಡನ್ನು ಕೈಗೆತ್ತಿಕೊಂಡಳು.