ಬಿಳಿಯಾಗಿಯೇ ಉಳಿದ ಪಟ್ಟಿಗಳು

ಕ್ಲಿನಿಕ್ಕಿನ ಪರವಾನಗಿ ನವೀಕರಣದ ತಪಾಸಣೆಗೆ ಇನ್ನು ಎರಡೇ ಗಂಟೆ ಇತ್ತು. ಸಿಸ್ಟರ್ ಒಮ್ಮೆ ಕಣ್ಣಾಡಿಸೋಣವೆಂದು ರಿಜಿಸ್ಟರ್ ಬಿಚ್ಚಿದಳು. ಬಿಚ್ಚಿದವಳು ಹಾಗೇ ಸ್ಟೂಲಿನ ಮೇಲೆ ಕುಸಿದು ಕೂತಳು.

ಗಾಯಕ್ಕೆ ಹೊಲಿಗೆ ಹಾಕುವ ಕತ್ತರಿ, ಚಿಮಟಗಳನ್ನು ಆವಿಯಲ್ಲಿ ಕಾಯಿಸುವ ಯಂತ್ರದೊಳಗೆ ದಿನಕ್ಕೊಂದು ಕಾಗದದ ಪಟ್ಟಿ ಇಡಬೇಕು. ಆವಿ ಸರಿಯಾಗಿ ತಾಗಿದರೆ ಅದರ ಬಿಳಿ ಬಣ್ಣ ಕಪ್ಪಾಗುತ್ತದೆ. ಆ ಪಟ್ಟಿಯನ್ನು ತಾರೀಕಿನ ಎದುರು ಟೇಪಿನಿಂದ ಅಂಟಿಸಿ ಸಹಿ ಹಾಕಬೇಕು. ಇದು ಪರವಾನಗಿ ಕಚೇರಿಯ ಕಟ್ಟುನಿಟ್ಟಿನ ನಿಯಮ. ಹದಿನೆಂಟು ವರ್ಷದಲ್ಲಿ ಸಿಸ್ಟರ್ ಕೆಲಸದ ದಿನ ಒಂದನ್ನೂ ತಪ್ಪಿಸಿದವಳಲ್ಲ. ಈಗ ನೋಡಿದರೆ ಕಳೆದ ತಿಂಗಳ ಪಟ್ಟಿಗಳೆಲ್ಲ ಬೆಳ್ಳಗೆ ಹಲ್ಲು ಕಿರಿಯುತ್ತಿದ್ದವು. ಎದುರಿಗೆ ಅವಳದೇ ಸಹಿ!

ಅದೂ ಎಂಥ ಹೊತ್ತಿನಲ್ಲಿ! ಹೋದ ತಿಂಗಳು ಇಲ್ಲಿ ಕಾಲಿಗೆ ಹೊಲಿಗೆ ಹಾಕಿಸಿಕೊಂಡ ಬಡಗಿಯೊಬ್ಬನ ಗಾಯ ಕೀವು ತುಂಬಿ, ಅವನು ಕಚೇರಿಗೆ ದೂರು ಕೊಟ್ಟಿದ್ದ. ತಪಾಸಣೆಯವರು ಬಂದು ಕೂತವರೇ ಕೇಳುವುದು ಈ ಪುಟವನ್ನೇ. ಯಂತ್ರ ಹಚ್ಚದೆ ಸಹಿ ಹಾಕಿದಳೆಂದಾದರೆ ಅವಳ ನರ್ಸ್ ನೋಂದಣಿಯೇ ರದ್ದು.

ಗಾಬರಿಯಲ್ಲಿ ಕಪಾಟಿನ ತಗಡು ತಾಗಿ ಅವಳ ಬೆರಳು ಕೊಯ್ದಿತು. ಅವಳು ಚೀರಿದ್ದು ಕೇಳಿ ಬಂದ ಡಾಕ್ಟರ್ ಮೊದಲು ಆ ಬೆರಳನ್ನು ಹಿಡಿದುಕೊಂಡರು. ತೊಳೆದು, ಹತ್ತಿ ಇಟ್ಟು, ಟೇಪಿನ ತುದಿಯನ್ನು ಎಂದಿನಂತೆ ಒಂದಿಷ್ಟು ಮಡಚಿ ಅಂಟಿಸಿದರು. ಬಿಚ್ಚುವಾಗ ಎಳೆದಾಡಿ ನೋವಾಗಬಾರದೆಂದು ಅವರು ಯಾವ ರೋಗಿಗಾದರೂ ಹಾಗೆಯೇ ಮಾಡುತ್ತಿದ್ದರು. ಗಂಡ ಬಿಟ್ಟುಹೋದಾಗ ಕರೆದು ಕೆಲಸ ಕೊಟ್ಟ ಈ ಮನುಷ್ಯನನ್ನು ಸಿಸ್ಟರ್ ಒಡಹುಟ್ಟಿದವನಿಗಿಂತ ಹೆಚ್ಚೆಂದು ನಂಬಿದ್ದಳು.

"ಕೆಲಸ ಜಾಸ್ತಿಯಿತ್ತು, ಮರೆತುಹೋಯ್ತು ಅಂತ ಬರೆದುಕೊಡಮ್ಮ" ಎಂದರು ಡಾಕ್ಟರ್ ತೆರೆದಿದ್ದ ರಿಜಿಸ್ಟರ್ ನೋಡಿ, ಮೆಲ್ಲಗೆ. "ತಪ್ಪು ಸಿಬ್ಬಂದೀದು ಅಂದ್ರೆ ಕ್ಲಿನಿಕ್ಕಾದ್ರೂ ಉಳಿಯುತ್ತೆ."

"ನಾನು ಮಾಡೇ ಇಲ್ವಲ್ಲ ಅಣ್ಣ! ಮಾಡದ ತಪ್ಪಿಗೆ ಹೇಗೆ ಬರೆದುಕೊಡ್ಲಿ?"

ಯಂತ್ರವೂ ರಿಜಿಸ್ಟರೂ ಇದ್ದ ಕೋಣೆಯ ಬೀಗದಕೈ ಇದ್ದದ್ದು ಮೂವರ ಬಳಿ. ಡಾಕ್ಟರ್, ಸಿಸ್ಟರ್, ಮತ್ತು ಕಾಂಪೌಂಡರ್. ಅವಧಿ ಮೀರಿದ ಔಷಧಿ ಇಟ್ಟುಕೊಂಡಿದ್ದಾನೆಂದು ಸಿಸ್ಟರ್ ಚಾಡಿ ಹೇಳಿದಂದಿನಿಂದ ಕಾಂಪೌಂಡರ್ ಅವಳೊಡನೆ ಮಾತು ಬಿಟ್ಟಿದ್ದ. ಇವನದೇ ಕಿತಾಪತಿ ಎಂದು ಹಲ್ಲು ಕಡಿಯುತ್ತ ಅವಳು ಆ ರಿಜಿಸ್ಟರನ್ನೂ ಹೊಲಿಗೆ ಹಾಕಿಸಿಕೊಂಡವರ ರಿಜಿಸ್ಟರನ್ನೂ ಬಗಲಿಗಿಟ್ಟುಕೊಂಡು ಮಹಡಿ ಹತ್ತಿದಳು.

ಮೇಲೆ ಬಾಡಿಗೆಗಿದ್ದವಳು ಮಹಡಿ ಅಜ್ಜಿ. ಪರವಾನಗಿ ಕಚೇರಿಯಲ್ಲಿ ಮೂವತ್ತು ವರ್ಷ ತಪಾಸಣೆ ಮಾಡಿ ನಿವೃತ್ತಳಾದವಳು. ಆ ಕಾಲದಲ್ಲಿ ಅವಳು ಬರುತ್ತಾಳೆಂದರೆ ಕ್ಲಿನಿಕ್ಕಿನವರಿಗೆಲ್ಲ ಎದೆ ಡವಗುಟ್ಟುತ್ತಿತ್ತಂತೆ. ದಿನಾ ಅವಳ ಬಿಪಿ ನೋಡಲು ಹೋಗುವ ಸಿಸ್ಟರೇ ಅವಳ ಸಂಗಾತಿ, ಶಿಷ್ಯೆ, ಬೈಗುಳ ತಿನ್ನುವವಳು, ಎಲ್ಲ.

"ಅಳು ನಿಲ್ಲಿಸೇ. ಪುಟದ ಮೇಲೆ ಕಣ್ಣೀರು ಬಿದ್ರೆ ಅದೂ ನಿನ್ನ ತಪ್ಪು ಅಂತಾರೆ" ಎಂದು ಗದರಿ ಅಜ್ಜಿ ಭೂತಗನ್ನಡಿ ಹಿಡಿದಳು. "ಬಿಸಿ ಪಟ್ಟೀನ ಯಂತ್ರದಿಂದ ಹೇಗೆ ತೆಗೀತೀಯಾ?"

"ಚಿಮಟದಲ್ಲಿ ಅಜ್ಜಿ. ಕೈ ಸುಟ್ಟುಹೋಗಲ್ವಾ?"

ಹಳೆಯ ತಿಂಗಳ ಪ್ರತಿ ಪಟ್ಟಿಯ ತುದಿಯಲ್ಲೂ ಚಿಮಟದ ಹಲ್ಲಿನ ಸಣ್ಣ ಗುರುತಿತ್ತು. ಬಿಳಿ ಪಟ್ಟಿಗಳಲ್ಲಿ ಒಂದರಲ್ಲೂ ಇಲ್ಲ. ಆಮೇಲೆ ಅಜ್ಜಿ ಹೊಲಿಗೆಯ ರಿಜಿಸ್ಟರ್ ನೋಡಿದಳು. ಬಡಗಿ ಬಂದದ್ದು ಭಾನುವಾರ, ಸಿಸ್ಟರಿಗೆ ರಜೆ. ಅದೇ ದಿನ, ಅವನಿಗಿಂತ ಕಾಲು ಗಂಟೆ ಮೊದಲು, ಇನ್ನೊಬ್ಬಳಿಗೂ ಹೊಲಿಗೆ ಬಿದ್ದಿತ್ತು.

"ಶನಿವಾರ ಎಷ್ಟು ಜೊತೆ ಸಲಕರಣೆ ಕಾಯಿಸಿಟ್ಟಿದ್ದೆ?"

"ಭಾನುವಾರಕ್ಕೆ ಯಾವಾಗ್ಲೂ ಒಂದೇ ಜೊತೆ."

ಅಜ್ಜಿ ಪುಟದ ಮೇಲಿನ ಟೇಪನ್ನು ಉಗುರಿನಿಂದ ಸವರಿದಳು. ನಂತರ ಸಿಸ್ಟರಿನ ಬೆರಳನ್ನೇ ಬಹಳ ಹೊತ್ತು ನೋಡಿದಳು. ಅವಳ ಮುಖ ಸಪ್ಪಗಾಯಿತು. "ನಡಿ, ಎಲ್ಲರನ್ನೂ ಕೂರಿಸು" ಎಂದಳು.

ಹತ್ತೂವರೆಗೆ ಡಾಕ್ಟರ ಕೋಣೆಯಲ್ಲಿ ನಾಲ್ವರೂ ಕೂತರು. ಕಾಂಪೌಂಡರ್ ಕೈಕಟ್ಟಿಕೊಂಡು, "ನನ್ನ ಮೇಲೇ ಅನುಮಾನ ಅಂತ ಗೊತ್ತು ಬಿಡಿ" ಎಂದ.

"ಸುಮ್ನಿರಪ್ಪ, ನೀನು ಟೇಪನ್ನ ಹಲ್ಲಲ್ಲಿ ಹರಿಯೋನು. ಅದಕ್ಕೆ ಬೇರೇನೇ ತಪಾಸಣೆ ಆಗ್ಬೇಕು" ಎಂದಳು ಅಜ್ಜಿ. "ಈ ಪಟ್ಟಿಗಳು ಯಂತ್ರದ ಒಳಗೆ ಹೋದವೇ ಅಲ್ಲ, ಹೋಗಿದ್ರೆ ಚಿಮಟದ ಗುರುತಿರ್ತಿತ್ತು. ಯಾರೋ ಕಪ್ಪು ಪಟ್ಟಿ ಕಿತ್ತು ಇವನ್ನ ಅಂಟಿಸಿದ್ದಾರೆ. ಯಾಕೆ? ಭಾನುವಾರ ಇದ್ದದ್ದು ಒಂದೇ ಜೊತೆ ಸಲಕರಣೆ, ಬಂದ ರೋಗಿಗಳು ಇಬ್ಬರು. ಮೊದಲ್ನೇಯವಳಿಗೆ ಬಳಸಿದ್ದನ್ನೇ ತೊಳೆದು ಬಡಗಿಗೂ ಬಳಸಿದ್ರು. ಮತ್ತೆ ಕಾಯಿಸೋಕೆ ಮುಕ್ಕಾಲು ಗಂಟೆ ಬೇಕು, ಇವೆರಡರ ಮಧ್ಯೆ ಇದ್ದದ್ದು ಕಾಲು ಗಂಟೆ. ಶನಿವಾರದ ಪಟ್ಟಿ ಕಪ್ಪಾಗಿದ್ರೆ ತಪ್ಪು ಭಾನುವಾರ ಇದ್ದವರದ್ದು. ಇಡೀ ತಿಂಗಳೇ ಬಿಳಿಯಾಗಿದ್ರೆ ಸಿಸ್ಟರ್‌ದು. ಡಾಕ್ಟರ್ ತಪ್ಪಿಗೆ ಪರವಾನಗಿ ರದ್ದು, ಸಿಬ್ಬಂದಿ ತಪ್ಪಿಗೆ ಕ್ಲಿನಿಕ್ಕಿಗೆ ಎಚ್ಚರಿಕೆ ಅಷ್ಟೇ. ಆ ನಿಯಮ ನಾನೇ ಸಾವಿರ ಸಲ ಓದಿ ಹೇಳಿದ್ದೀನಿ."

ಅಜ್ಜಿ ರಿಜಿಸ್ಟರನ್ನು ಮೇಜಿನ ಮೇಲೆ ತಿರುಗಿಸಿಟ್ಟಳು. "ಸಿಸ್ಟರ್ ಟೇಪನ್ನ ಕತ್ತರಿಯಲ್ಲಿ ನೇರ ಕತ್ತರಿಸ್ತಾಳೆ. ಇಲ್ಲಿ ಒಂದೊಂದರ ತುದೀನೂ ಮಡಚಿದೆ. ಕೈಗೆ ಅಭ್ಯಾಸ ಆಗಿಬಿಟ್ಟಿದೆ, ಕಾಗದಕ್ಕೂ ನೋವಾಗಬಾರದು ಅಂತ."

ಸಿಸ್ಟರ್ ತನ್ನ ಬೆರಳು ನೋಡಿಕೊಂಡಳು. "ಇಲ್ಲ ಅಜ್ಜಿ, ಅಣ್ಣ ಅಲ್ಲ" ಎಂದಳು.

ಡಾಕ್ಟರ್ ಡ್ರಾಯರ್ ಎಳೆದು ಬಟ್ಟೆಯಲ್ಲಿ ಸುತ್ತಿದ ಕಪ್ಪು ಪಟ್ಟಿಗಳನ್ನು ಮೇಜಿನ ಮೇಲಿಟ್ಟರು. "ಎಸೆಯೋಕೆ ಮನಸ್ಸು ಬರ್ಲಿಲ್ಲ. ಕ್ಲಿನಿಕ್ ಮುಚ್ಚಿದ್ರೆ ಮೂರೂ ಜನ ಬೀದಿಗೆ ಬೀಳ್ತಿದ್ವಿ. ನೀನು ಒಬ್ಬಳು ನನಗೋಸ್ಕರ ತಡ್ಕೋತೀಯ ಅಂತ ನಂಬಿದ್ದೆ ಕಣಮ್ಮ. ನಿನ್ನನ್ನ ನಾನು ಕೈಬಿಡ್ತಿರ್ಲಿಲ್ಲ."

"ನಿಮ್ಮ ಕೈಯಿಂದ ತಪ್ಪಾಗಿದೆ ಅಂತ ಬಾಯಿಬಿಟ್ಟು ಹೇಳಿದ್ರೆ, ನಿಮಗೋಸ್ಕರ ಒಪ್ಕೋತಿದ್ದೆನೇನೋ" ಎಂದಳು ಸಿಸ್ಟರ್. "ಹದಿನೆಂಟು ವರ್ಷ ಅಣ್ಣ ಅಂದಿದ್ದೀನಿ. ನನ್ನ ಬೆರಳಿಗೆ ಪಟ್ಟಿ ಕಟ್ತಾ ಕತ್ತು ಕೊಯ್ತಿದ್ರಲ್ಲ!"

"ಇನ್ನೂ ಟೈಮಿದೆಯಮ್ಮ. ಒಂದು ಸಹಿ ಹಾಕಿಬಿಡು. ನಿನ್ನ ಕಾಲಿಗೆ ಬೀಳ್ತೀನಿ."

ಸಹಿ ಹಾಕುವುದೋ ಬೇಡವೋ ತಾನು ಹೇಳುವ ಮಾತಲ್ಲವೆಂದು ಅಜ್ಜಿಗೆ ಗೊತ್ತಿತ್ತು. ಅಷ್ಟರಲ್ಲಿ ಹೊರಗೆ ಗಾಡಿ ನಿಂತಿತು. ಫೈಲು ಹಿಡಿದ ತಪಾಸಣೆಯವರು ಒಳಗೆ ಬಂದು, ಕುರ್ಚಿ ಎಳೆದುಕೊಂಡು, "ಸಲಕರಣೆ ಕಾಯಿಸೋ ಜವಾಬ್ದಾರಿ ಇಲ್ಲಿ ಯಾರದ್ದು?" ಎಂದು ಕೇಳಿದರು.

ಡಾಕ್ಟರ್ ಅವಳನ್ನೇ ನೋಡುತ್ತಿದ್ದರು. ಸಿಸ್ಟರ್ ಎರಡೂ ರಿಜಿಸ್ಟರ್‌ಗಳನ್ನು, ಕಪ್ಪು ಪಟ್ಟಿಗಳ ಗಂಟನ್ನು ತಪಾಸಣೆಯವರ ಮುಂದಿಟ್ಟಳು.

"ಶನಿವಾರದವರೆಗೂ ನಂದು ಸಾರ್" ಎಂದಳು. "ಭಾನುವಾರದ್ದನ್ನ ಡಾಕ್ಟರನ್ನೇ ಕೇಳಿ."