ನನ್ನ ಹತ್ತಿರವೂ ಸಕ್ಕರೆ ಮಾತೇ?

"ಅಣ್ಣಾ! ಈ ಕಾರಿನ ಓನರ್ ಹೊರಗೆ ಕೂತು ನನ್ನ ತಲೆ ತಿಂತಿದ್ದಾರೆ. ಎಷ್ಟೊತ್ತಾಗುತ್ತೆ ಅಂತ ಒಂದು ಮಾತು ಹೇಳಣ್ಣಾ!"

ಕಾರಿನ ಅಡಿಯಿಂದ ಹೊರಗೆ ಚಾಚಿದ್ದ ಎರಡು ಬೂಟುಗಳ ಮುಂದೆ ನಿಂತು ಅವನು ಗೋಗರೆಯುತ್ತಿದ್ದ. ಬೂಟುಗಳು ಅಲ್ಲಾಡಲಿಲ್ಲ.

"ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ..."

"ಬೀಳಿ. ಕಾಲು ಅಲ್ಲೇ ಇದೆಯಲ್ಲ!"

ಒಳಗಿನಿಂದ ಬಂದದ್ದು ಹೆಣ್ಣುದನಿ! ಮರುಕ್ಷಣ ಚಕ್ರದ ಹಲಗೆಯ ಮೇಲೆ ಮಲಗಿದ್ದವಳು ಸರ್ರನೆ ಹೊರಗೆ ಜಾರಿ ಬಂದಳು. ಕೆನ್ನೆಗೆ ಗ್ರೀಸು, ಕೈಯಲ್ಲಿ ಸ್ಪ್ಯಾನರು, ಕಣ್ಣಲ್ಲಿ ತುಂಟ ನಗು.

"ಸಾರಿ ಅಣ್... ಅಕ್ಕಾ... ಅಲ್ಲ, ಮೇಡಂ..."

ಇಡೀ ವರ್ಕ್‌ಶಾಪ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನ ಕಿವಿ ಕೆಂಪಾಯಿತು. ಅವಳಿಗೆ ಮಾತ್ರ ಯಾಕೋ ಆ ಕೆಂಪು ಕಿವಿ ಬಹಳ ಇಷ್ಟವಾಗಿಬಿಟ್ಟಿತು!

ಅವನು ಆ ಕಾರ್ ಷೋರೂಮಿಗೆ ಹೊಸದಾಗಿ ಬಂದಿದ್ದ ಸರ್ವಿಸ್ ಅಡ್ವೈಸರ್. ಗಿರಾಕಿಯ ದೂರು ಕೇಳೋದು, ಮೆಕ್ಯಾನಿಕ್‌ಗೆ ಕೆಲಸ ಹೇಳೋದು, ಮತ್ತೆ ಗಿರಾಕಿಗೆ ಸಮಾಧಾನ ಹೇಳೋದು, ಅದೇ ಅವನ ಉದ್ಯೋಗ. ಕೆಂಡ ಕಾರುತ್ತಾ ಬಂದವರೂ ಅವನ ಮಾತು ಕೇಳಿ ತಣ್ಣಗಾಗಿ ಹೋಗುತ್ತಿದ್ದರು. ಅದಕ್ಕೇ ಎಲ್ಲರೂ ಅವನನ್ನು 'ಸಕ್ಕರೆ' ಅಂತ ಕರೆಯತೊಡಗಿದರು.

ಅವಳಿಗೂ ಒಂದು ಅಡ್ಡಹೆಸರಿತ್ತು. ಗಟ್ಟಿಗಿತ್ತಿ! ಅಷ್ಟೊಂದು ಗಂಡಸರ ನಡುವೆ ಅವಳೊಬ್ಬಳೇ ಹೆಣ್ಣು ಮೆಕ್ಯಾನಿಕ್. ಅವಳ ಮಾತು ಮುಖಕ್ಕೆ ಹೊಡೆದ ಹಾಗೆ. ಚೆನ್ನಾಗಿದ್ದರೆ ಚೆನ್ನಾಗಿದೆ, ಕೆಟ್ಟಿದ್ದರೆ ಕೆಟ್ಟಿದೆ.

ಸಕ್ಕರೆಗೂ ಗಟ್ಟಿಗಿತ್ತಿಗೂ ಹೇಗಪ್ಪಾ ಹೊಂದಿಕೆ ಆಯ್ತು ಅಂತ ನನ್ನನ್ನು ಕೇಳಬೇಡಿ. ಆಯ್ತು, ಅಷ್ಟೇ! ಊಟದ ಹೊತ್ತಿನಲ್ಲಿ ಕಾರು ತೊಳೆಯುವ ಜಾಗದ ಹಿಂದಿನ ಕಟ್ಟೆಯ ಮೇಲೆ ಕೂತು ಇಬ್ಬರೂ ಜಗತ್ತಿನ ಮಾತೆಲ್ಲ ಆಡಿದರು. ಅವಳು ಯಾರಿಗೂ ಹೇಳದ ಗುಟ್ಟನ್ನು ಅವನಿಗೆ ಹೇಳಿದ್ದೂ ಆ ಕಟ್ಟೆಯ ಮೇಲೇ.

"ನನ್ನ ಬಲಗೈ ಮಣಿಕಟ್ಟು ಸರಿಯಿಲ್ಲ ಕಣೋ. ಜೋರಾಗಿ ತಿರುಗಿಸಿದ್ರೆ ಜೀವ ಹೋಗುತ್ತೆ. ಯಾರಿಗೂ ಹೇಳ್ಬೇಡ. ಹೇಳಿದ್ರೆ 'ಹೆಣ್ಣಲ್ವಾ, ಅದಕ್ಕೇ' ಅಂತಾರೆ."

"ಡಾಕ್ಟರ್ ಹತ್ರ ಹೋಗೋಣ."

"ಬೇಡ. ಆಣೆ ಮಾಡು, ಯಾರಿಗೂ ಹೇಳಲ್ಲ ಅಂತ."

ಅವನು ಅವಳ ಅಂಗೈ ಮೇಲೆ ಕೈಯಿಟ್ಟು ಆಣೆ ಮಾಡಿದ್ದ.

* * *

ಒಂದು ದಿನ ಬೆಳಿಗ್ಗೆ ಮ್ಯಾನೇಜರ್ ಅವಳನ್ನು ಕರೆಸಿಕೊಂಡರು.

"ಕೂತ್ಕೊಳಮ್ಮಾ. ನಮ್ಮ ಅಡ್ವೈಸರ್ ಒಬ್ಬರು ಕೆಲಸ ಬಿಟ್ಟಿದ್ದಾರೆ. ಆ ಜಾಗಕ್ಕೆ ನಿನ್ನನ್ನ ಹಾಕೋಣ ಅಂತಿದೀವಿ."

"ನನಗಾ? ಯಾಕೆ ಸಾರ್? ನನ್ನ ಕೆಲಸದಲ್ಲಿ ಏನಾದ್ರೂ ತಪ್ಪಾಯ್ತಾ?"

"ತಪ್ಪಲ್ಲ... ಮಣಿಕಟ್ಟು ನೋಯ್ತಿದೆಯಂತಲ್ಲ? ಆ ಕೈ ಇಟ್ಕೊಂಡು ಎಷ್ಟು ದಿನ ಚಕ್ರ ಬಿಚ್ಚುತ್ತೀಯಾ?"

ಅವಳು ಕುರ್ಚಿಯಿಂದ ಎದ್ದು ನಿಂತಳು.

ಇವರಿಗೆ ಹೇಗೆ ಗೊತ್ತಾಯ್ತು? ಹೆತ್ತ ಅಮ್ಮನಿಗೂ ಹೇಳಿರಲಿಲ್ಲ. ಇಡೀ ಭೂಮಿ ಮೇಲೆ ಒಬ್ಬನಿಗೇ ಹೇಳಿದ್ದು!

"ಯಾರು ಹೇಳಿದ್ರು ಸಾರ್?"

"ನಮ್ಮ ಸಕ್ಕರೆ. ನಿನ್ನ ಮೇಲೆ ಅವನಿಗೆ ಎಷ್ಟು ಕಾಳಜಿ ನೋಡು! ನಾಳೆ ಒಂದು ದಿನ ಆ ಕುರ್ಚಿಯಲ್ಲಿ ಕೂತು ನೋಡು. ಸಂಜೆ ಹೂಂ ಅಥವಾ ಊಹೂಂ ಹೇಳು."

ಕಾಳಜಿಯಂತೆ, ಕಾಳಜಿ! ಅವಳು ದಡದಡನೆ ಮೆಟ್ಟಿಲಿಳಿದಳು. ಅವನು ಕೌಂಟರಿನ ಹತ್ತಿರ ಯಾರದೋ ಕಾರಿನ ಕೀಲಿ ಹಿಡಿದು ನಿಂತಿದ್ದ. ಅವಳ ಮುಖ ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು.

"ಸ್ವಲ್ಪ ಹೊರಗೆ ಬನ್ನಿ ಸಾರ್," ಅಂದಳು ಅವಳು.

ಸಾರ್! ಬನ್ನಿ! ಬೈದಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

"ನಾನು ಹೇಳೋದು ಕೇಳು..."

"ಮ್ಯಾನೇಜರಿಗೆ ಹೇಳಿದ್ದು ನೀವೇನಾ? ಅಷ್ಟು ಹೇಳಿ ಸಾಕು."

"...ಹೌದು."

"ಆಣೆ ಮಾಡಿದ್ರಿ."

"ನಿನ್ನ ಒಳ್ಳೇದಕ್ಕೇ..."

"ನನ್ನ ಒಳ್ಳೇದಕ್ಕಾ? ನಿಮ್ಮಮ್ಮನ ಒಳ್ಳೇದಕ್ಕಾ?"

ಅಮ್ಮನ ಮಾತು ಸುಮ್ಮನೆ ಬಂದದ್ದಲ್ಲ. ಹೋದ ವಾರ ಅವನ ಅಮ್ಮ ವರ್ಕ್‌ಶಾಪಿಗೆ ಬಂದಿದ್ದರು. ಮಗ ಮೆಚ್ಚಿದ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅವಳ ಉಗುರುಗಳ ಮೇಲೆ ಕಣ್ಣು ನಿಲ್ಲಿಸಿ, "ಹೆಣ್ಣುಮಗಳ ಕೈಗೆ ಇಷ್ಟೊಂದು ಮಸಿನಾ!" ಅಂದಿದ್ದರು. ಇವನು ಪಕ್ಕದಲ್ಲೇ ಇದ್ದ. ಜಗತ್ತಿಗೆಲ್ಲ ಮಾತಾಡುವ ಬಾಯಿ ಅವತ್ತು ಹೊಲಿದ ಹಾಗೆ ಮುಚ್ಚಿತ್ತು.

"ಇವಳನ್ನ ಕಾರಿನ ಅಡಿಯಿಂದ ಎಬ್ಬಿಸಿ, ಇಸ್ತ್ರಿ ಮಾಡಿದ ಶರ್ಟು ಹಾಕಿಸಿ, ಮೇಜಿನ ಮುಂದೆ ಕೂರಿಸಿದ್ರೆ ಅಮ್ಮನಿಗೆ ತೋರಿಸಬಹುದು ಅಂತ ತಾನೇ? ಅದನ್ನ ನೇರವಾಗಿ ಹೇಳಿದ್ರೆ ನಾನೇ ದಾರಿ ಬಿಡ್ತಿದ್ದೆ! ಬೆನ್ನ ಹಿಂದೆ ಹೋಗಿ ನನ್ನ ಕೈಯಿಂದ ಸ್ಪ್ಯಾನರ್ ಕಿತ್ಕೊಳ್ಳೋ ಅಗತ್ಯ ಇರ್ಲಿಲ್ಲ."

"ಅಯ್ಯೋ, ಅದಲ್ಲ ಕಣೇ! ಬೇರೆ ಕಾರಣ ಇದೆ."

"ಏನದು?"

ಅವನು ತಲೆ ತಗ್ಗಿಸಿದ.

"...ಈಗ ಹೇಳಕ್ಕಾಗಲ್ಲ."

ಅವಳು ತಿರುಗಿ ನಡೆದಳು. ಕಣ್ಣೀರನ್ನು ಮಾತ್ರ ಕೈ ತೊಳೆಯುವ ನಲ್ಲಿಯ ತನಕ ಹಿಡಿದಿಟ್ಟುಕೊಂಡಳು.

* * *

ಮನೆಯಲ್ಲಿ ಅಮ್ಮ ಮಗಳ ಮಣಿಕಟ್ಟಿಗೆ ಬಿಸಿನೀರಿನ ಬಟ್ಟೆ ಒತ್ತುತ್ತಾ ಗೊಣಗಿದಳು.

"ಹೆತ್ತವಳಿಗೆ ಹೇಳ್ಲಿಲ್ಲ, ಅವನಿಗೆ ಹೇಳಿದೆ. ಅವನು ನಿನಗೆ ಹೇಳ್ಲಿಲ್ಲ, ಮ್ಯಾನೇಜರಿಗೆ ಹೇಳಿದ. ಒಳ್ಳೇ ಜೋಡಿ ಕಣೇ ನೀವು!"

"ನಗಬೇಡಮ್ಮಾ. ನಂಬಿದವನೇ ಕುತ್ತಿಗೆ ಕೊಯ್ದ."

"ನಗ್ತಿಲ್ಲ ನಾನು. ಅವನ ಮೇಲೆ ಕೋಪ ಬರಬೇಕಾದ್ದೇ. ಆದ್ರೆ ಆ ಕೋಪದಲ್ಲಿ ಕೆಲಸ ಬೇಡ ಅನ್ನಬೇಡ, ಆ ಕೋಪದಲ್ಲಿ ಹೂಂ ಅಂತಲೂ ಅನ್ನಬೇಡ. ಕೂತು ನೋಡು. ನಿನಗೆ ಏನನ್ನಿಸುತ್ತೋ ಅದನ್ನ ಹೇಳು."

ಅವಳಿಗೇನನ್ನಿಸುತ್ತದೆ? ಅದೇ ಅವಳಿಗೆ ಗೊತ್ತಿರಲಿಲ್ಲ. ಹೂಂ ಅಂದರೆ ಕಿತ್ತುಕೊಂಡವನು ಗೆದ್ದ. ಊಹೂಂ ಅಂದರೆ ಈ ಹಾಳು ಕೈ ಇಟ್ಟುಕೊಂಡು ಇನ್ನೆಷ್ಟು ದಿನ? ಹಾಸಿಗೆಯ ಮೇಲೆ ಹೊರಳಿ ಹೊರಳಿ, ಅವನ ಮೇಲಿನ ಸಿಟ್ಟಿನಲ್ಲೇ ನಿದ್ದೆ ಹೋದಳು.

* * *

ಮಾರನೇ ದಿನ ಅವಳು ಆ ಕುರ್ಚಿಯಲ್ಲಿ ಕೂತಳು. ಪಕ್ಕದ ಕುರ್ಚಿ ಅವನದೇ! ಪುಣ್ಯಕ್ಕೆ ಅವನು ಬೆಳಿಗ್ಗೆಯೇ ಯಾರದೋ ಕಾರು ಪರೀಕ್ಷೆಗೆ ಓಡಿಸಿಕೊಂಡು ಹೋಗಿದ್ದ.

ಮೊದಲು ಬಂದವರು ಬೋಳುತಲೆಯ ಯಜಮಾನರು.

"ಬ್ರೇಕ್ ಒತ್ತಿದ್ರೆ ಕೀರ್ ಅನ್ನುತ್ತೆ. ಹೋದ ಸಲ ಬಂದಾಗಲೇ ಹೇಳಿದ್ದೆ!"

"ಹೇಳಿದ್ರಿ. ಬದಲಾಯಿಸಿ ಅಂತ ನಾವೂ ಹೇಳಿದ್ವಿ. ಆಮೇಲೆ ನೋಡೋಣ ಅಂದವರು ನೀವು. ಈಗ ಕೀರ್ ಅನ್ನದೆ ಹಾಡು ಹೇಳುತ್ತಾ?"

ಯಜಮಾನರು ಬೆಪ್ಪಾದರು. ಆಮೇಲೆ, "ಅದೂ ಸರಿ. ಬದಲಾಯಿಸಿಬಿಡಮ್ಮಾ," ಅಂದರು.

ಅಡ್ಡಿಯಿಲ್ಲ! ಕಾರಿನ ಮಾತೇ ತಾನೆ? ನನಗೂ ಬರುತ್ತೆ! ಅವಳಿಗೆ ಒಳಗೊಳಗೇ ಖುಷಿಯಾಯಿತು.

ಆಮೇಲೆ ಮಗಳ ಕೈ ಹಿಡಿದುಕೊಂಡು ಒಬ್ಬ ಹೆಂಗಸು ಬಂದರು. ಆಕೆ ಕಾರಿನ ವಿಷಯ ಎತ್ತುವ ಮೊದಲೇ ಆಚೀಚೆ ನೋಡಿದರು.

"ಇಲ್ಲಿ ಒಬ್ಬರು ಇದ್ರಲ್ಲಾ, ನಯವಾಗಿ ಮಾತಾಡೋರು? ಅವರಿಗೆ ಸಾರಿ ಹೇಳ್ಬೇಕಿತ್ತು. ನಮ್ಮ ಯಜಮಾನರು ಹೋದ ಸಲ ಅವರಿಗೆ ಬಾಯಿಗೆ ಬಂದ ಹಾಗೆ ಬೈದುಬಿಟ್ರು."

"ಯಾಕೆ ಮೇಡಂ, ಏನಾಗಿತ್ತು?"

"ಸರ್ವಿಸ್ ಮುಗಿಸ್ಕೊಂಡು ನಾವು ಗೇಟ್ ದಾಟಿದ್ವಿ. ಆ ಮನುಷ್ಯ ಹಿಂದಿನಿಂದ 'ನಿಲ್ಲಿಸಿ, ನಿಲ್ಲಿಸಿ' ಅಂತ ಓಡಿ ಬಂದ್ರು. ಮುಂದಿನ ಚಕ್ರ ಅಲ್ಲಾಡೋದು ದೂರದಿಂದ ಕಂಡಿತಂತೆ. ನೋಡಿದ್ರೆ ನಟ್ಟುಗಳು ಬೆರಳಲ್ಲೇ ತಿರುಗ್ತಿದ್ವು! ರಸ್ತೆ ಮೇಲೆ ಮಂಡಿಯೂರಿ ಅವರೇ ಬಿಗಿ ಮಾಡಿದ್ರು. ತಪ್ಪು ನಂದೇ, ಓಡಿಸಿ ನೋಡದೆ ಕೊಟ್ಬಿಟ್ಟೆ ಅಂದ್ರು. ಹಿಂದಿನ ಸೀಟಲ್ಲಿ ಇವಳಿದ್ಲು... ಅದಕ್ಕೇ ನಮ್ಮವರಿಗೆ ತಲೆ ಕೆಟ್ಟೋಯ್ತು. ಮ್ಯಾನೇಜರಿಗೂ ಫೋನ್ ಮಾಡಿ ಕೂಗಾಡಿದ್ರು."

ಅವಳು ಕಿಟಕಿಯಾಚೆ ನಿಂತಿದ್ದ ಕಾರನ್ನು ನೋಡಿದಳು. ನೀಲಿ ಕಾರು. ಆ ಕಾರು ಅವಳಿಗೆ ಚೆನ್ನಾಗಿ ಗೊತ್ತು!

ಅವರ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ. ಚಕ್ರದ ನಟ್ಟುಗಳನ್ನು ಉದ್ದ ರೆಂಚಿನಿಂದ ಕೊನೆಯ ಸಲ ಬಿಗಿ ಮಾಡಿದ ಮೇಲೆ, ಮಾಡಿದವರು ಒಂದೊಂದಕ್ಕೂ ಹಳದಿ ಗುರುತು ಹಾಕಬೇಕು. ಗುರುತು ಇತ್ತೆಂದರೆ ಕೆಲಸ ಮುಗಿಯಿತು ಅಂತ ಅರ್ಥ. ಅವತ್ತು ಮಣಿಕಟ್ಟು ಸಿಡಿಯುತ್ತಿತ್ತು. ನೋವು ಕಡಿಮೆಯಾಗಲಿ, ಆಮೇಲೆ ಬಿಗಿ ಮಾಡೋಣ ಅಂತ ಅವಳು ಎಡಗೈಯಲ್ಲಿ ಮೊದಲು ಗುರುತು ಹಾಕಿಟ್ಟಿದ್ದಳು. ಅಷ್ಟರಲ್ಲಿ ಯಾರೋ ಕರೆದರು. ವಾಪಸ್ ಬಂದಾಗ ಕಾರು ಇರಲಿಲ್ಲ. ಗುರುತು ನೋಡಿ, ಆಯ್ತು ಅಂದುಕೊಂಡು ಯಾರೋ ಒಯ್ದಿದ್ದರು. ನಾನು ಬಿಗಿ ಮಾಡಿದ್ದೆ ತಾನೇ? ಮಾಡಿರ್ತೀನಿ... ಅಂದುಕೊಂಡು ಅವಳು ಮರೆತೇಬಿಟ್ಟಿದ್ದಳು.

ಮಗು ಮೇಜಿನ ಮೇಲಿದ್ದ ಪೆನ್ನಿನ ಜೊತೆ ಆಡುತ್ತಿತ್ತು.

ದೇವರೇ... ಈ ಮಗು!

ಮತ್ತೆ ಒಂದು ಕ್ಷಣವೂ ತಡೆಯಲಿಲ್ಲ. "ಮೇಡಂ, ತಪ್ಪು ಅವರದಲ್ಲ. ಆ ಚಕ್ರ ಹಾಕಿದ್ದು ನಾನು," ಅಂದಳು. "ನನ್ನನ್ನ ಕ್ಷಮಿಸಿ ಅಂತ ಕೇಳೋಕೂ ಬಾಯಿ ಬರ್ತಿಲ್ಲ."

ಆಕೆ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು. "ಇವತ್ತು ಮಾತ್ರ ಸರಿಯಾಗಿ ನೋಡಿ," ಅಂದರು. ಅಷ್ಟೇ. ಆ ಒಂದು ಮಾತಿಗಿಂತ ಬೈಗುಳವೇ ವಾಸಿಯಿತ್ತು.

ಅವಳು ನೇರ ಮ್ಯಾನೇಜರ್ ಹತ್ತಿರ ಹೋಗಿ ಎಲ್ಲ ಹೇಳಿದಳು. ಅವರು ಸಿಡಿದರು, ಗದರಿದರು, ಕೊನೆಗೆ ತಲೆ ಮೇಲೆ ಕೈ ಹೊತ್ತು ಕೂತರು.

"ಅವನು ತಪ್ಪು ತನ್ನದೇ ಅಂದ. ನಿನ್ನ ಹೆಸರೇ ಎತ್ತಲಿಲ್ಲ! ಕುರ್ಚಿ ಇನ್ನೂ ಖಾಲಿ ಇದೆ. ಏನ್ಮಾಡ್ತೀಯಾ?"

"ಸಂಜೆ ಹೇಳ್ತೀನಿ ಸಾರ್. ಅದಕ್ಕೆ ಮೊದಲು ಒಬ್ಬನ ಜೊತೆ ಜಗಳ ಬಾಕಿ ಇದೆ."

* * *

ಅವನು ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಅವಳು ಎದುರಿಗೆ ನಿಂತಳು.

"ನೀಲಿ ಕಾರು," ಅಂದಳು.

ಅವನ ಮುಖ ಬಿಳಿಚಿಕೊಂಡಿತು.

"ಯಾರು ಹೇಳಿದ್ರು?"

"ನೀವು ಹೇಳ್ಲಿಲ್ಲ. ಅದೊಂದು ಗ್ಯಾರಂಟಿ!"

"ಹೇಳಿದ್ರೆ ನೀನು ಒಡೆದು ಹೋಗ್ತಿದ್ದೆ. ನಿನ್ನ ಕೆಲಸ ಅಂದ್ರೆ ನಿನಗೆ ಪ್ರಾಣ. ನಿನ್ನ ಕೈಯಿಂದ ಹೀಗಾಯ್ತು ಅಂತ ಹೇಗೆ ಹೇಳ್ಲಿ? ಎಷ್ಟು ಸಲ ಡಾಕ್ಟರ್ ಹತ್ರ ಹೋಗೋಣ ಅಂದೆ, ನೀನು ಕೇಳ್ಲಿಲ್ಲ. ದಿನಾ ನಿನ್ನ ಕಾರುಗಳನ್ನೆಲ್ಲ ನಾನೇ ಇನ್ನೊಮ್ಮೆ ಕದ್ದು ನೋಡ್ತಿದ್ದೆ. ಎಷ್ಟು ದಿನ ಅಂತ ನೋಡ್ಲಿ? ಆ ಕುರ್ಚಿ ಖಾಲಿಯಾಯ್ತು, ಹೋಗಿ ಹೇಳ್ಬಿಟ್ಟೆ."

"ನನ್ನ ಕೆಲಸವನ್ನ ನನಗೆ ಗೊತ್ತಿಲ್ಲದೆ ಪರೀಕ್ಷೆ ಮಾಡ್ತಿದ್ರಾ?" ಅವಳು ಇನ್ನೂ ಹತ್ತಿರ ಬಂದಳು. "ಒಂದು ಮಗು ಸಾಯ್ತಿತ್ತು ಕಣೋ! ಅದು ನನಗೆ ಗೊತ್ತಾಗಬೇಕಾಗಿರಲಿಲ್ವಾ? ಅವತ್ತೇ ಹೇಳಿದ್ದಿದ್ರೆ ಆ ಕ್ಷಣವೇ ಸ್ಪ್ಯಾನರ್ ಕೆಳಗಿಡ್ತಿದ್ದೆ! ಸಿಟ್ಟಾದ ಗಿರಾಕಿಗೆ ಸಮಾಧಾನ ಹೇಳ್ತೀಯಲ್ಲ, ಹಾಗೇ ನನಗೂ ಹೇಳಿದೆ. ಊರಿಗೆಲ್ಲ ಸಕ್ಕರೆ ಹಂಚು, ನಂಗೇನೂ ಬೇಜಾರಿಲ್ಲ. ಆದ್ರೆ ನನ್ನ ಹತ್ತಿರವೂ ಸಕ್ಕರೆ ಮಾತೇ?"

ಅವನ ಕಣ್ಣು ತುಂಬಿ ಬಂತು.

"ಹೆದರಿದೆ," ಅಂದ. "ಹೇಳಿದ್ರೆ ನನ್ನನ್ನ ಬಿಟ್ಟು ಹೋಗ್ತೀಯಾ ಅಂತ. ಅಮ್ಮ ಹಾಗಂದಾಗಲೂ ಹೆದರಿ ಸುಮ್ಮನಾದೆ. ಮನೆಗೆ ಹೋಗಿ ಜಗಳ ಆಡಿದೆ, 'ಆ ಮಸಿಯಿಂದಲೇ ಅವಳ ಮನೆ ನಡೆಯೋದು' ಅಂದೆ. ಆದ್ರೆ ನಿನ್ನೆದುರಿಗೇ ಅನ್ನಬೇಕಿತ್ತು. ನನಗೆ ಕಷ್ಟದ ಮಾತು ಆಡೋಕೆ ಬರಲ್ಲ ಕಣೇ. ಚಿಕ್ಕಂದಿನಿಂದಲೂ ಅಷ್ಟೇ. ನೀನಂದ್ರೆ ನಂಗೆ... ನೀನಿಲ್ದೆ..."

"ನೀನಿಲ್ದೆ? ಪೂರ್ತಿ ಹೇಳು."

"ನೀನಿಲ್ದೆ ನಂಗೆ ಆಗಲ್ಲ. ಅಷ್ಟೇ."

ಊರಿಗೇ ಮಾತು ಮಾರುವವನ ಬಾಯಿಂದ ಇಷ್ಟು ಬಡ ಮಾತು ಬಂದದ್ದು ಅದೇ ಮೊದಲು. ಅವಳು ಅವನನ್ನೇ ನೋಡಿದಳು. ಆಣೆ ಮುರಿದ ನೋವು ಹೋಗಿರಲಿಲ್ಲ, ಅದು ಇವತ್ತೇ ಹೋಗುವಂಥದ್ದೂ ಅಲ್ಲ. ಆದರೆ ರಸ್ತೆಯ ಮೇಲೆ ಮಂಡಿಯೂರಿ ಅವಳ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡವನೂ ಇವನೇ.

ಅವಳು ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ದೂರದಲ್ಲಿ.

"ನಾಳೆ ಡಾಕ್ಟರ್ ಹತ್ರ ಹೋಗ್ತೀನಿ. ಕೈ ಸರಿಯಾಗೋವರೆಗೂ ಚಕ್ರ ಮುಟ್ಟಲ್ಲ. ಇನ್ನು ಆ ಕುರ್ಚಿ ವಿಷಯ..." ಅವಳು ತಡೆದಳು. "ಅದಕ್ಕೆ ಮೊದಲು ನನಗೊಂದು ನಿಜ ಬೇಕು. ಬೆಳಿಗ್ಗೆ ಆ ಬೋಳುತಲೆ ಯಜಮಾನರ ಜೊತೆ ನಾನು ಮಾತಾಡಿದ್ದನ್ನ ಎಲ್ಲರೂ ಹೇಳಿರ್ತಾರೆ ನಿನಗೆ. ಹೇಗಿತ್ತು?"

ಚೆನ್ನಾಗಿತ್ತು ಅನ್ನಲು ಬಾಯಿ ತೆರೆದವನು ಹಾಗೇ ತಡೆದ.

"ಕೆಟ್ಟದಾಗಿತ್ತು," ಅಂದ ಮೆಲ್ಲಗೆ. "ವಯಸ್ಸಾದವರು. ಹಾಗೆಲ್ಲ ಗದರಬಾರದು. ನೀನು ಹೇಳಿದ ವಿಷಯ ಸರಿ, ಹೇಳಿದ ರೀತಿ ತಪ್ಪು."

ಅವಳು ದುರುಗುಟ್ಟಿ ನೋಡಿದಳು. ಅವನ ಕಿವಿ ಕೆಂಪಾಯಿತು. ಆಮೇಲೆ, ಎರಡು ದಿನದಿಂದ ನಗದವಳು ಫಕ್ಕನೆ ನಕ್ಕುಬಿಟ್ಟಳು!

"ಹೇಳಿಬಿಟ್ಟೆಯಲ್ಲೋ!"

"ಕೋಪ ಬಂತಾ?"

"ತುಂಬಾ!"

"...ಬಿಟ್ಟು ಹೋಗ್ತೀಯಾ?"

"ಎಲ್ಲಿಗೆ ಹೋಗ್ಲಿ?" ಅವಳು ಕಣ್ಣೊರೆಸಿಕೊಂಡು ಅವನ ಹತ್ತಿರಕ್ಕೆ ಸರಿದು ಕೂತಳು. "ನಯವಾಗಿ ಮಾತಾಡೋದು ಹೇಗೆ ಅಂತ ನಾಳೆಯಿಂದ ನಿನ್ನ ಪಕ್ಕದಲ್ಲೇ ಕೂತು ಕಲೀಬೇಕಲ್ಲಾ... ನಿಜ ಹೇಳೋದು ಹೇಗೆ ಅಂತ ನಾನು ಕಲಿಸ್ತೀನಿ."